ತೈವಾನ್‌ನಲ್ಲಿ ಹತ್ತು ದಿನ, ಅವಸರವಿಲ್ಲದೆ: ಎಲ್ಲಿ ಉಳಿಯೋದು, ಏನು ನೋಡೋದು, ಏನು ತಿನ್ನೋದು? (ಪ್ರಶ್ನೋತ್ತರ)

ಪ್ರಶ್ನೆ (ಮೈಸೂರಿನಿಂದ): ನಮಸ್ಕಾರ. ನಾನೂ ನಮ್ಮ ಯಜಮಾನರೂ ಈ ವರ್ಷ ನಿವೃತ್ತರಾದೆವು. ನವೆಂಬರ್‌ನಲ್ಲಿ ತೈವಾನ್ ನೋಡುವ ಆಸೆ. ಏಜೆನ್ಸಿಯವರು ಕೊಟ್ಟ ಪ್ಲಾನ್‌ನಲ್ಲಿ ದ್ವೀಪಕ್ಕೆ ಪೂರ್ತಿ ಒಂದು ಸುತ್ತು, ಏಳು ಹೋಟೆಲ್, ದಿನಾ ಬೆಳಿಗ್ಗೆ ಏಳಕ್ಕೆ ಬಸ್ಸು. ನನಗೆ ಮಂಡಿನೋವು ಇದೆ. ಈರುಳ್ಳಿ, ಬೆಳ್ಳುಳ್ಳಿ ಕೂಡ ಮುಟ್ಟುವುದಿಲ್ಲ. ಯಜಮಾನರು ಮೀನು, ಮೊಟ್ಟೆ ಎಲ್ಲಾ ತಿನ್ನುತ್ತಾರೆ. ನೀವು ಅಲ್ಲೇ ಇದ್ದು ಗೈಡ್ ಕೆಲಸ ಮಾಡುವವರು. ನಿಧಾನವಾಗಿ ನೋಡಿಕೊಂಡು, ಚೆನ್ನಾಗಿ ತಿಂದುಕೊಂಡು ಬರುವುದಕ್ಕೆ ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ: ನಮಸ್ಕಾರ. ಮೊದಲು ಆ ಏಳು ಹೋಟೆಲ್ ಪ್ಲಾನ್ ಬಿಟ್ಟುಬಿಡಿ. ತೈವಾನ್ ವಿಸ್ತೀರ್ಣದಲ್ಲಿ ಕರ್ನಾಟಕದ ಐದನೇ ಒಂದು ಭಾಗವೂ ಇಲ್ಲ. ನಕ್ಷೆ ನೋಡಿದವರಿಗೆ ಒಂದು ಸುತ್ತು ಹಾಕಿಬಿಡಬಹುದು ಅನ್ನಿಸುವುದು ಸಹಜ. ಆದರೆ ನಡುವೆ ಬೆಟ್ಟದ ಗೋಡೆಯೇ ನಿಂತಿದೆ. ಮೂರು ಸಾವಿರ ಮೀಟರ್ ದಾಟಿದ ಶಿಖರಗಳೇ ಇನ್ನೂರಕ್ಕೂ ಹೆಚ್ಚು. ಸುತ್ತು ಹಾಕಿದರೆ ಅರ್ಧ ರಜೆ ಬಸ್ಸಿನ ಕಿಟಕಿಯಲ್ಲೇ ಕಳೆಯುತ್ತದೆ. ಪಶ್ಚಿಮದ ಬದಿಯಲ್ಲಿ ಮಾತ್ರ ಗಂಟೆಗೆ 300 ಕಿ.ಮೀ. ವೇಗದ ರೈಲು ಇದೆ. ತೈಪೆಯಿಂದ ತೈನಾನ್‌ಗೆ ಎರಡು ಗಂಟೆ ಸಾಕು. ಆ ಬದಿಯಲ್ಲೇ ಇರಿ.

ನಾನಾಗಿದ್ದರೆ ಹೀಗೆ ಹಂಚುತ್ತೇನೆ: ತೈಪೆಯಲ್ಲಿ ಐದು ರಾತ್ರಿ, ಸೂರ್ಯ-ಚಂದ್ರ ಸರೋವರದ ದಂಡೆಯಲ್ಲಿ ಎರಡು, ತೈನಾನ್‌ನಲ್ಲಿ ಎರಡು. ಮೂರೇ ಹೋಟೆಲ್. ದಿನಕ್ಕೊಂದು ದೊಡ್ಡ ಜಾಗ, ಮಿಕ್ಕ ಹೊತ್ತು ಊಟಕ್ಕೆ, ನಡಿಗೆಗೆ, ಕೂತು ಚಹಾ ಕುಡಿಯುವುದಕ್ಕೆ.

ತೈಪೆಯಲ್ಲಿ ಹೋಟೆಲ್ ಮೆಟ್ರೋ ನಿಲ್ದಾಣದ ಹತ್ತಿರವೇ ಇರಲಿ, ಝೋಂಗ್‌ಶಾನ್ ಆಸುಪಾಸು ಅನುಕೂಲ. ಇಳಿದ ತಕ್ಷಣ ಈಸಿಕಾರ್ಡ್ ಕೊಂಡುಕೊಳ್ಳಿ. ಮೆಟ್ರೋ, ಬಸ್ಸು, ಅಂಗಡಿ ಎಲ್ಲಕ್ಕೂ ಅದೇ ನಡೆಯುತ್ತದೆ. ಒಂದು ಎಚ್ಚರಿಕೆ: ಟಿಕೆಟ್ ಗೇಟು ದಾಟಿದ ಮೇಲೆ ನೀರನ್ನೂ ಕುಡಿಯುವಂತಿಲ್ಲ, ಚ್ಯೂಯಿಂಗ್ ಗಮ್ ಕೂಡ ಇಲ್ಲ. ದಂಡ 1,500 ತೈವಾನ್ ಡಾಲರ್‌ನಿಂದ ಶುರು. ಮಾತ್ರೆ ತೆಗೆದುಕೊಳ್ಳುವುದಿದ್ದರೆ ಒಳಗೆ ಹೋಗುವ ಮೊದಲೇ ನುಂಗಿಕೊಳ್ಳಿ.

ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುವಾಗಲೇ ಹೋಗಿ. ಸೋಮವಾರ ರಜೆ. ಬೀಜಿಂಗ್ ಅರಮನೆಯ ಸಂಗ್ರಹದ ಆಯ್ದ ಭಾಗ 1948-49ರಲ್ಲಿ ಹಡಗಿನಲ್ಲಿ ಇಲ್ಲಿಗೆ ಬಂತು. ಈಗ ಸುಮಾರು ಏಳು ಲಕ್ಷ ವಸ್ತುಗಳಿವೆ. ಜನ ಮುತ್ತಿಕೊಳ್ಳುವುದು ಹಸಿರು ಕಲ್ಲಿನ ಎಲೆಕೋಸಿನ ಸುತ್ತ. ಗೇಣುದ್ದವೂ ಇಲ್ಲ, ಆದರೆ ಕಲ್ಲಿನಲ್ಲಿದ್ದ ಬಿಳಿಯನ್ನು ದಂಟಿಗೂ ಹಸಿರನ್ನು ಎಲೆಗೂ ಬಳಸಿಕೊಂಡ ಆ ಕುಶಲಕರ್ಮಿಯ ಕಣ್ಣು ದೊಡ್ಡದು. ಎಲೆಯ ತುದಿಯಲ್ಲಿ ಕೂತ ಎರಡು ಕೀಟಗಳನ್ನು ಹುಡುಕಿ ನೋಡಿ. ಅದು ಆಗಾಗ ಬೇರೆ ಊರಿನ ಪ್ರದರ್ಶನಕ್ಕೆ ಹೋಗುತ್ತದೆ, ಹೊರಡುವ ಮೊದಲು ಜಾಲತಾಣ ನೋಡಿಕೊಳ್ಳಿ. ಒಳಗೆ ನಡಿಗೆ ಬಹಳ, ಗಾಲಿಕುರ್ಚಿ ಕೇಳಿ ತೆಗೆದುಕೊಳ್ಳಲು ಸಂಕೋಚ ಬೇಡ.

ಲುಂಗ್‌ಶಾನ್ ದೇವಸ್ಥಾನಕ್ಕೆ ಸಂಜೆ ಹೋಗಿ. 1738ರಲ್ಲಿ ಕಟ್ಟಿದ್ದು, ಆಮೇಲೆ ಎಷ್ಟೋ ಸಲ ಮತ್ತೆ ಕಟ್ಟಿದ್ದಾರೆ. ಕಚೇರಿ ಮುಗಿಸಿ ಬಂದವರು ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಕೈಮುಗಿದು ನಿಂತಿರುತ್ತಾರೆ. ಅವರ ಕೈಯಲ್ಲಿ ಅರ್ಧಚಂದ್ರಾಕಾರದ ಎರಡು ಕೆಂಪು ಮರದ ತುಂಡುಗಳಿರುತ್ತವೆ, ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಮನಸ್ಸಿನಲ್ಲಿ ಪ್ರಶ್ನೆ ಕೇಳಿಕೊಂಡು ನೆಲಕ್ಕೆ ಬಿಡುತ್ತಾರೆ. ಒಂದು ಚಪ್ಪಟೆ, ಒಂದು ಉಬ್ಬು ಬಿದ್ದರೆ ದೇವರು ಹೌದು ಎಂದಂತೆ. ನಮ್ಮ ಕಡೆ ದೇವರ ಹೂಪ್ರಸಾದ ಕೇಳುವವರಿಗೆ ಆ ಮುಖಗಳ ಕಾತರ ಹೊಸದಲ್ಲ. ದೂರ ನಿಂತು ನೋಡಿ, ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ.

ಮಂಡಿನೋವಿಗೆ ಬೇಟೌ ಒಳ್ಳೆಯದು. ಮೆಟ್ರೋದಲ್ಲೇ ಬಿಸಿನೀರಿನ ಬುಗ್ಗೆಗಳ ಊರಿಗೆ ಹೋಗಬಹುದು. ಫುಶಿಂಗ್ ಉದ್ಯಾನದಲ್ಲಿ ಕಾಲು ಇಳಿಬಿಟ್ಟು ಕೂರುವ ಬಿಸಿನೀರ ಕೊಳ ಇದೆ, ದುಡ್ಡಿಲ್ಲ. ಊರಿನ ಅಜ್ಜ-ಅಜ್ಜಿಯರ ಪಕ್ಕದಲ್ಲಿ ಕೂತುಬಿಡಿ. ಪೂರ್ತಿ ಸ್ನಾನ ಬೇಕಿದ್ದರೆ ಹೋಟೆಲ್‌ಗಳಲ್ಲಿ ಗಂಟೆ ಲೆಕ್ಕದಲ್ಲಿ ಖಾಸಗಿ ಕೋಣೆ ಸಿಗುತ್ತದೆ. ರಕ್ತದೊತ್ತಡ ಇದ್ದರೆ ವೈದ್ಯರನ್ನು ಕೇಳದೆ ಇಳಿಯಬೇಡಿ.

ಇನ್ನೊಂದು ದಿನ ಮಾವೋಕಾಂಗ್. ಮೃಗಾಲಯದ ಹತ್ತಿರದಿಂದ ನಾಲ್ಕು ಕಿ.ಮೀ. ಉದ್ದದ ಕೇಬಲ್ ಕಾರು ಬೆಟ್ಟದ ಮೇಲಿನ ಚಹಾ ತೋಟಗಳಿಗೆ ಕರೆದೊಯ್ಯುತ್ತದೆ. ಮೇಲೆ ಚಹಾ ಮನೆಯಲ್ಲಿ ಒಂದು ಪೊಟ್ಟಣ ತಿಯೆಗ್ವಾನ್‌ಯಿನ್ ಚಹಾ ತೆಗೆದುಕೊಂಡರೆ ಬಿಸಿನೀರು ಸುರಿಯುತ್ತಲೇ ಮಧ್ಯಾಹ್ನ ಪೂರ್ತಿ ಕೂರಬಹುದು, ಯಾರೂ ಏಳಿ ಅನ್ನುವುದಿಲ್ಲ. ಗುಡುಗು, ಜೋರು ಗಾಳಿ ಇದ್ದರೆ ಕೇಬಲ್ ಕಾರು ನಿಲ್ಲುತ್ತದೆ. ಸೋಮವಾರಗಳಲ್ಲೂ ಸಾಮಾನ್ಯವಾಗಿ ಓಡುವುದಿಲ್ಲ.

ತೈಪೆ ಹತ್ತಿರದ ಜಿಯುಫೆನ್‌ಗೆ ಎಲ್ಲರೂ ಹೋಗುತ್ತಾರೆ, ನೀವೂ ಹೋಗಿ, ಆದರೆ ವಾರದ ನಡುವೆ, ಮಧ್ಯಾಹ್ನ ಕಳೆದ ಮೇಲೆ. ಹಳೆಯ ಚಿನ್ನದ ಗಣಿಯ ಊರು ಅದು. ಫೋಟೋದಲ್ಲಿ ಬರುವ ಕಡಿದಾದ ಕಲ್ಲು ಮೆಟ್ಟಿಲು ನಿಮ್ಮ ಮಂಡಿಗೆ ಬೇಡ. ಮೇಲಿನ ಬಸ್ ನಿಲ್ದಾಣದಲ್ಲಿ ಇಳಿದು ಜಿಶಾನ್ ಬೀದಿಯಲ್ಲಿ ನಡೆದರೆ ಹೆಚ್ಚು ಏರಿಳಿತವಿಲ್ಲ. ಕೆಸುವಿನ ಗಡ್ಡೆಯ ಉಂಡೆಗಳನ್ನು ಬೆಲ್ಲದಂಥ ಸಿಹಿ ಪಾಕದಲ್ಲಿ ಕೊಡುತ್ತಾರೆ, ತಪ್ಪದೆ ತಿನ್ನಿ.

ಪ್ರಶ್ನೆ (ಹುಬ್ಬಳ್ಳಿಯಿಂದ): ಸಸ್ಯಾಹಾರಿಗಳು ಅಲ್ಲಿ ಬ್ರೆಡ್ಡು, ಬಾಳೆಹಣ್ಣಿನ ಮೇಲೆ ಬದುಕಬೇಕು ಅಂತ ಕೇಳಿದ್ದೇನೆ. ನಿಜವಾ?

ಉತ್ತರ: ಇಲ್ಲ. ಪೂರ್ವ ಏಷ್ಯಾದಲ್ಲಿ ಸಸ್ಯಾಹಾರಿಗಳಿಗೆ ಇಷ್ಟು ಸಲೀಸಾದ ದೇಶ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಬೌದ್ಧರು, ಯಿಗುವಾನ್‌ದಾವೊ ಪಂಥದವರು ದಿನಾ ಸಸ್ಯಾಹಾರ ಮಾಡುತ್ತಾರೆ. ಇನ್ನು ಅನೇಕರು ಚಾಂದ್ರಮಾನ ತಿಂಗಳ ಮೊದಲನೇ ಮತ್ತು ಹದಿನೈದನೇ ದಿನ ಮಾಂಸ ಬಿಡುತ್ತಾರೆ. ಹೀಗಾಗಿ ಬಡಾವಣೆಗೊಂದಾದರೂ ಶುದ್ಧ ಸಸ್ಯಾಹಾರಿ ಊಟದಂಗಡಿ ಸಿಗುತ್ತದೆ. ಬೋರ್ಡಿನಲ್ಲಿ ಸ್ವಸ್ತಿಕದ ಗುರುತು ಹುಡುಕಿ. ನಮ್ಮದಕ್ಕಿಂತ ಎದುರು ದಿಕ್ಕಿಗೆ ತಿರುಗಿರುತ್ತದೆ.

ಮೈಸೂರಿನ ಅಕ್ಕನಿಗೆ ಖುಷಿಯಾಗುವ ವಿಷಯ: ಇಲ್ಲಿ ಪೊಟ್ಟಣದ ಸಸ್ಯಾಹಾರದ ಮೇಲೆ ಐದು ಬಗೆಯ ಲೇಬಲ್ ಕಡ್ಡಾಯ. 'ಶುದ್ಧ ಸಸ್ಯಾಹಾರ' ಎಂದಿದ್ದರೆ ಹಾಲು, ಮೊಟ್ಟೆ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯ ಜಾತಿಯದೂ ಇಲ್ಲ. ಅವು ಸೇರಿದ್ದರೆ ಅದಕ್ಕೆ ಬೇರೆಯೇ ಲೇಬಲ್. ಬೌದ್ಧರು ವರ್ಜಿಸುವ ಐದು ಘಾಟಿನ ಪದಾರ್ಥಗಳ ಹಳೆಯ ಪಟ್ಟಿಯಲ್ಲಿ ನಮ್ಮ ಇಂಗೂ ಇದೆ!

ಊಟದಂಗಡಿಗಳಲ್ಲಿ ತಟ್ಟೆ ಹಿಡಿದು ಬೇಕಾದ್ದು ಬಡಿಸಿಕೊಂಡು ಹೋದರೆ ಕೊನೆಯಲ್ಲಿ ತೂಕ ಹಾಕಿ ಅಥವಾ ಕಣ್ಣಂದಾಜಿನಲ್ಲಿ ದುಡ್ಡು ಹೇಳುತ್ತಾರೆ. ಹನ್ನೊಂದೂವರೆಗೆ ಹೋದರೆ ಎಲ್ಲಾ ಬಿಸಿ ಇರುತ್ತದೆ. ರಾತ್ರಿ ಏಳೂವರೆ ಮೇಲೆ ಹೋದರೆ ಪಾತ್ರೆ ತೊಳೆಯುತ್ತಿರುತ್ತಾರೆ. ಅಲ್ಲಿ ಕಾಣುವ 'ಮಾಂಸ'ಕ್ಕೆ ಗಾಬರಿಯಾಗಬೇಡಿ, ಸೋಯಾ ಇಲ್ಲವೇ ಅಣಬೆಯದು. ಎಚ್ಚರ ಬೇಕಾದದ್ದು ಸಾಮಾನ್ಯ ಹೋಟೆಲ್‌ಗಳಲ್ಲಿ. ಬರೀ ಸೊಪ್ಪಿನ ಪಲ್ಯ ಎಂದುಕೊಂಡದ್ದನ್ನು ಹಂದಿಕೊಬ್ಬಿನಲ್ಲಿ ಹುರಿದಿರಬಹುದು, ನೂಡಲ್ಸ್ ಸಾರು ಮೂಳೆ ಬೇಯಿಸಿದ್ದಿರಬಹುದು. 'ವೊ ಛ್ ಸೂ', ನಾನು ಸಸ್ಯಾಹಾರಿ. ಇಷ್ಟು ಕಲಿತು ಹೋಗಿ, ತಕ್ಷಣ ಅರ್ಥ ಮಾಡಿಕೊಳ್ಳುತ್ತಾರೆ.

ಪ್ರಶ್ನೆ (ದಾವಣಗೆರೆಯಿಂದ): ಹಾಗಾದರೆ ರಾತ್ರಿ ಸಂತೆಗಳಲ್ಲಿ ನಮ್ಮಂಥವರಿಗೆ ಏನಾದರೂ ಸಿಗುತ್ತದೆಯೇ?

ಉತ್ತರ: ಸಿಗುತ್ತದೆ. ಶಿಲಿನ್ ದೊಡ್ಡದು, ನೂಕುನುಗ್ಗಲು. ನನಗೆ ರಾವ್‌ಹೆ ಇಷ್ಟ. ಒಂದೇ ಉದ್ದನೆಯ ಬೀದಿ, ದಾರಿ ತಪ್ಪುವ ಭಯವಿಲ್ಲ, ತುದಿಯಲ್ಲಿ ದೀಪಗಳಿಂದ ಜಗಜಗಿಸುವ ತ್ಸಿಯೋ ದೇವಸ್ಥಾನ. ಅಲ್ಲಿ ಮಣ್ಣಿನ ಒಲೆಯ ಒಳಗೋಡೆಗೆ ಅಂಟಿಸಿ ಬೇಯಿಸುವ ಕರಿಮೆಣಸಿನ ಬನ್ನಿಗೆ ಸಾಲು ನಿಲ್ಲುತ್ತಾರೆ, ಅದು ಹಂದಿಮಾಂಸದ್ದು.

ನೀವು ಹುಡುಕಬೇಕಾದ್ದು ಶೇಂಗಾ ಐಸ್‌ಕ್ರೀಮ್ ಸುರುಳಿ. ಗಾಡಿಯ ಮೇಲೆ ಇಟ್ಟಿಗೆಗಿಂತ ದೊಡ್ಡ ಶೇಂಗಾ ಚಿಕ್ಕಿಯ ಗಟ್ಟಿ ಇರುತ್ತದೆ. ಬಡಗಿಯ ಉಜ್ಜುಗೊರಡಿನಲ್ಲಿ ಅದನ್ನು ಸರಕ್ ಸರಕ್ ಎಂದು ಹೆರೆದು, ಆ ಪುಡಿಯನ್ನು ಬಟ್ಟೆಯಂಥ ತೆಳು ಗೋಧಿ ಹಾಳೆಯ ಮೇಲೆ ಹರಡುತ್ತಾರೆ. ಮೇಲೆ ಕೆಸುವಿನ ಅಥವಾ ಅನಾನಸಿನ ಐಸ್‌ಕ್ರೀಮಿನ ಎರಡು ಮೂರು ಉಂಡೆ, ಅದರ ಮೇಲೆ ಹಸಿ ಕೊತ್ತಂಬರಿ. ಮಡಚಿ ಕೈಗೆ ಕೊಡುತ್ತಾರೆ. ಕೊತ್ತಂಬರಿ ಬೇಡ ಎನ್ನಬೇಡಿ, ಅದೇ ಅದರ ಜೀವ. ಇದಲ್ಲದೆ ಗೆಣಸಿನ ಉಂಡೆ, ಶುಂಠಿ ಪಾಕದಲ್ಲಿ ತೇಲುವ ತೋಫು ಇವೆ. ವಾಸನೆ ತೋಫು ಹುದುಗಿಸುವ ನೀರಿನಲ್ಲಿ ಸಿಗಡಿಯೂ ಇರಬಹುದು, ಕೇಳಿಯೇ ತಿನ್ನಿ.

ಪ್ರಶ್ನೆ (ಮಂಗಳೂರಿನಿಂದ): ನಾವು ಮೀನು ತಿನ್ನುವವರು. ತೈನಾನ್‌ನಲ್ಲಿ ಏನು ವಿಶೇಷ?

ಉತ್ತರ: ಬೆಳಗಿನ ತಿಂಡಿಗೇ ಮೀನು! ನಿಮ್ಮ ಕರಾವಳಿಯ ಹೂಮೀನೇ ಅಲ್ಲಿನ ರಾಜ. ಕೊಳಗಳಲ್ಲಿ ಸಾಕುತ್ತಾರೆ. ಮುಳ್ಳು ಜಾಸ್ತಿಯಾದರೂ ಅಂಗಡಿಯವರು ತೆಗೆದುಕೊಡುತ್ತಾರೆ. ಹೊಟ್ಟೆಯ ಭಾಗ ಹಾಕಿದ ಗಂಜಿ ಬೆಳಿಗ್ಗೆ ಏಳು ಎಂಟರ ಹೊತ್ತಿಗೆ ತಿನ್ನಿ. ಸಿಗಡಿ ಸಾರಿನ ಚಿಕ್ಕ ಬಟ್ಟಲಿನ ದಾನ್‌ಜಾಯ್ ನೂಡಲ್ಸ್ ಮಧ್ಯಾಹ್ನಕ್ಕೆ, ಅದರ ಮೇಲೆ ಹಂದಿ ಖೀಮಾ ಹಾಕುತ್ತಾರೆ, ಬೇಡದಿದ್ದರೆ ಮೊದಲೇ ಹೇಳಿ. ತೈನಾನ್ ಅಡುಗೆಯಲ್ಲಿ ಸಕ್ಕರೆ ಮುಂದು. ಡಚ್ಚರ ಕಾಲದಿಂದಲೂ ಕಬ್ಬಿನ ಸೀಮೆ ಅದು.

ಆ ಡಚ್ಚರು 1624ರಲ್ಲಿ ತೈನಾನ್‌ನ ಆನ್‌ಪಿಂಗ್‌ನಲ್ಲಿ ಕೋಟೆ ಕಟ್ಟಲು ತೊಡಗಿದರು, 1662ರಲ್ಲಿ ಚೀನಾದ ಸೇನಾನಿ ಕೊಕ್ಸಿಂಗಾ ಅವರನ್ನು ಹೊರಗಟ್ಟಿದ. ಕೋಟೆ ನೋಡಿ ಸಂಜೆ ಹಳೆಯ ಮನೆಗಳ ಶೆನ್‌ನೊಂಗ್ ಬೀದಿಗೆ ಬನ್ನಿ. ಹೈಸ್ಪೀಡ್ ನಿಲ್ದಾಣ ಊರಿನಿಂದ ದೂರ ಇದೆ, ಅಲ್ಲಿಂದ ಊರೊಳಗೆ ಸ್ಥಳೀಯ ರೈಲು ಹಿಡಿಯಬೇಕು.

ಪ್ರಶ್ನೆ (ಬೆಂಗಳೂರಿನಿಂದ): ತಾರೊಕೊ ಕಣಿವೆ, ಅಲಿಶಾನ್ ಎರಡನ್ನೂ ಬಿಟ್ಟಿದ್ದೀರಲ್ಲ?

ಉತ್ತರ: 2024ರ ಏಪ್ರಿಲ್ 3ರ ಭೂಕಂಪದಲ್ಲಿ ತಾರೊಕೊಗೆ ಭಾರಿ ಪೆಟ್ಟು ಬಿತ್ತು, ಬಹುಪಾಲು ದಾರಿಗಳನ್ನು ಮುಚ್ಚಬೇಕಾಯಿತು. ಉದ್ಯಾನದ ಜಾಲತಾಣ ನೋಡದೆ ಟಿಕೆಟ್ ಮಾಡಬೇಡಿ. ಅಲಿಶಾನ್ ಚೆಲುವಾದ ಜಾಗ. 2009ರ ಚಂಡಮಾರುತದಲ್ಲಿ ಕಡಿದುಹೋಗಿದ್ದ ಬೆಟ್ಟದ ರೈಲು 2024ರ ಜುಲೈನಲ್ಲಿ ಪೂರ್ತಿ ಮತ್ತೆ ಶುರುವಾಗಿದೆ. ಆದರೆ ಸೂರ್ಯೋದಯಕ್ಕೆ ನಸುಕಿಗೂ ಮೊದಲೇ ಏಳಬೇಕು. ರೈಲಿನ ಹುಚ್ಚಿದ್ದರೆ ತೈನಾನ್ ಬಿಟ್ಟು ಅಲ್ಲಿಗೆ ಹೋಗಿ. ಎರಡನ್ನೂ ತುರುಕಬೇಡಿ.

ಪ್ರಶ್ನೆ (ಚಿಕ್ಕಮಗಳೂರಿನಿಂದ): ಸರೋವರದ ಹತ್ತಿರ ಚಹಾ ತೋಟಗಳಿವೆಯಂತೆ?

ಉತ್ತರ: ಇವೆ, ಅದರ ಮೂಲ ನಮ್ಮ ದೇಶದ್ದು. ಆಗ ತೈವಾನ್ ಆಳುತ್ತಿದ್ದ ಜಪಾನೀಯರು 1925ರ ಸುಮಾರಿಗೆ ಅಸ್ಸಾಂ ಚಹಾ ಬೀಜ ತಂದು ಸರೋವರದ ಸೀಮೆಯ ಯುಚಿಯಲ್ಲಿ ಬಿತ್ತಿದರು. ಬರ್ಮಾದ ಅಸ್ಸಾಂ ತಳಿಯನ್ನು ತೈವಾನಿನ ಕಾಡುಚಹಾದೊಂದಿಗೆ ಕೂಡಿಸಿದ 18ನೇ ನಂಬರಿನ 'ರೂಬಿ' 1999ರಲ್ಲಿ ಹೊರಬಂತು. ಹಾಲು ಹಾಕದೆ ಕುಡಿಯಿರಿ. ದಾಲ್ಚಿನ್ನಿಯ, ಪುದೀನದ ಪರಿಮಳ ಮೂಗಿಗೆ ನೇರ ಬರುತ್ತದೆ. ಸರೋವರ 748 ಮೀಟರ್ ಎತ್ತರದಲ್ಲಿದೆ, ಬೆಳಿಗ್ಗೆ ಮಂಜು. ದೋಣಿಯಲ್ಲಿ ದಂಡೆಯಿಂದ ದಂಡೆಗೆ ಹೋಗುತ್ತಾ ಶುವಾನ್‌ಗುವಾಂಗ್ ದೇವಸ್ಥಾನದ ಕಟ್ಟೆಯಲ್ಲಿ ಇಳಿಯಿರಿ. ಮೊಟ್ಟೆ ತಿನ್ನುವವರಿಗೆ ಅಲ್ಲಿ ಚಹಾ, ಅಣಬೆ ಹಾಕಿ ಬೇಯಿಸಿದ ಮೊಟ್ಟೆ ಪ್ರಸಿದ್ಧ. ತೈಚುಂಗ್ ಹೈಸ್ಪೀಡ್ ನಿಲ್ದಾಣದಿಂದ ನೇರ ಬಸ್ಸಿದೆ.

ಪ್ರಶ್ನೆ (ಮೈಸೂರಿನಿಂದ, ಮತ್ತೆ): ತುಂಬಾ ಉಪಕಾರವಾಯಿತು. ವೀಸಾ ಹೇಗೆ? ವಾಪಸ್ ಬರುವಾಗ ತೈಪೆಗೆ ಹೋಗಲೇಬೇಕಾ?

ಉತ್ತರ: ವೀಸಾಗೆ ಕರ್ನಾಟಕದವರು ಚೆನ್ನೈನ ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರಕ್ಕೆ ಅರ್ಜಿ ಹಾಕಬೇಕು. ಅಮೆರಿಕ, ಬ್ರಿಟನ್, ಷೆಂಗೆನ್, ಜಪಾನ್ ಮೊದಲಾದ ದೇಶಗಳ ವೀಸಾ ಇದ್ದವರಿಗೆ ಆನ್‌ಲೈನ್‌ನಲ್ಲಿ ಉಚಿತ ಪ್ರವಾಸ ಅನುಮತಿಪತ್ರ ಸಿಗುವ ಅವಕಾಶವಿದೆ, ಷರತ್ತುಗಳನ್ನು ಅಲ್ಲೇ ಓದಿಕೊಳ್ಳಿ. ಇನ್ನು ವಾಪಸಾತಿ: ತೈಪೆಗೆ ಹೋಗಬೇಕಿಲ್ಲ. ತೈನಾನ್‌ನಿಂದ ಹೈಸ್ಪೀಡ್ ರೈಲಿನಲ್ಲಿ ತಾವೋಯುವಾನ್ ನಿಲ್ದಾಣದಲ್ಲಿ ಇಳಿದರೆ ಅಲ್ಲಿಂದಲೇ ವಿಮಾನ ನಿಲ್ದಾಣಕ್ಕೆ ಮೆಟ್ರೋ ಇದೆ. ವಿದೇಶಿಯರಿಗೆ ರೈಲಿನಲ್ಲಿ ಮುಂಗಡ ರಿಯಾಯಿತಿ ಟಿಕೆಟ್ ಉಂಟು. ತಾರೀಕು ಗೊತ್ತಾದ ತಕ್ಷಣ ಇಲ್ಲೇ ಬರೆಯಿರಿ, ಯಾವ ದಿನ ಸೋಮವಾರ ಬೀಳುತ್ತದೆ ಎಂದು ನೋಡಿ ತೈಪೆಯ ದಿನಗಳನ್ನು ಹೊಂದಿಸಿಕೊಡುತ್ತೇನೆ.