ಪಿಎಚ್.ಡಿ ಎರಡನೇ ವರ್ಷ: ಯಾವ ಕಾರ್ಯಾಗಾರಕ್ಕೆ ಹೋಗಲಿ, ಯಾವುದನ್ನು ಬಿಡಲಿ?

ಪ್ರಶ್ನೆ: ಸಸ್ಯಶಾಸ್ತ್ರದಲ್ಲಿ ಪಿಎಚ್.ಡಿ ಮಾಡುತ್ತಿದ್ದೇನೆ. ಕೋರ್ಸ್‌ವರ್ಕ್ ಮುಗಿದಿದೆ. ದಿನಾ ವಾಟ್ಸಾಪ್‌ಗೆ ಒಂದಲ್ಲ ಒಂದು ಪೋಸ್ಟರ್ ಬರುತ್ತದೆ. ಪೇಪರ್ ಬರೆಯುವುದು ಹೇಗೆ, ಪ್ರಾಜೆಕ್ಟ್ ಪ್ರಪೋಸಲ್, ಸಾಫ್ಟ್ ಸ್ಕಿಲ್ಸ್, ಎಐ ಟೂಲ್ಸ್ ಅಂತೆಲ್ಲಾ. ಕೆಲವಕ್ಕೆ 500 ರೂಪಾಯಿ, ಕೆಲವಕ್ಕೆ 2,000. ಎಲ್ಲಕ್ಕೂ ಇ-ಸರ್ಟಿಫಿಕೇಟ್ ಗ್ಯಾರಂಟಿ! ಗೈಡ್ ಹತ್ತಿರ ಕೇಳಿದರೆ "ಮೊದಲು ಎಕ್ಸ್‌ಪೆರಿಮೆಂಟ್ ಮುಗಿಸಮ್ಮ" ಅನ್ನುತ್ತಾರೆ. ಹೋಗಿ ಬಂದವರು ಹೇಳಿ, ನಿಜಕ್ಕೂ ಏನು ಉಪಯೋಗಕ್ಕೆ ಬಂತು?

ದಾವಣಗೆರೆ ಕಡೆಯ ಅಧ್ಯಾಪಕಿ:
ನನ್ನ ಫೈಲಿನಲ್ಲಿ 23 ಸರ್ಟಿಫಿಕೇಟ್ ಇವೆ. ಮೊದಲ ನಾಲ್ಕಕ್ಕೆ ಲ್ಯಾಮಿನೇಶನ್ ಬೇರೆ ಮಾಡಿಸಿದ್ದೆ. ಸಂದರ್ಶನದಲ್ಲಿ ಫೈಲ್ ತಿರುವಿ ಹಾಕಿದವರು ಒಬ್ಬರೂ ಅವುಗಳ ಬಗ್ಗೆ ಕೇಳಲಿಲ್ಲ. ಅಷ್ಟರಲ್ಲಿ ಎರಡು ಕಡೆ ಮಾತ್ರ ನಾನು ಏನಾದರೂ ಕಲಿತೆ. ಒಂದನ್ನು ಹೇಳುತ್ತೇನೆ.

ಮೂರು ದಿನದ ಬರವಣಿಗೆ ಕಾರ್ಯಾಗಾರ. ಮೊದಲ ಎರಡು ದಿನ ಬರೀ ಪಿಪಿಟಿ. ಪೀಠಿಕೆಯಲ್ಲಿ ಏನಿರಬೇಕು, ಚರ್ಚೆಯಲ್ಲಿ ಏನಿರಬೇಕು, ಅದೇ ಹಳೇ ರಾಗ. ಊಟ ಮಾತ್ರ ಚೆನ್ನಾಗಿತ್ತು. ಮೂರನೇ ದಿನ ಬಂದ ಮೇಡಂ ಪಿಪಿಟಿ ತೆರೆಯಲೇ ಇಲ್ಲ. "ನಿಮ್ಮ ನಿಮ್ಮ ಆಬ್‌ಸ್ಟ್ರಾಕ್ಟ್ ಪ್ರಿಂಟ್ ತೆಗೆದುಕೊಂಡು ಬನ್ನಿ" ಅಂದರು. ಆಬ್‌ಸ್ಟ್ರಾಕ್ಟ್ ಅಂದರೆ ಪೇಪರಿನ ಮೊದಲಲ್ಲಿ ಬರುವ ಸಾರಾಂಶ. ನನ್ನದರಲ್ಲಿ 11 ವಾಕ್ಯ. ಕೈಗೆ ಪೆನ್ಸಿಲ್ ಕೊಟ್ಟು, "ನೀವು ಮಾಡಿದ್ದು ಎಲ್ಲಿದೆಯೋ ಅದರ ಕೆಳಗೆ ಒಂದು ಗೆರೆ ಹಾಕಿ, ನಿಮಗೆ ಸಿಕ್ಕಿದ್ದು ಎಲ್ಲಿದೆಯೋ ಅದರ ಕೆಳಗೆ ಎರಡು" ಅಂದರು. ನನ್ನ ಹಾಳೆಯಲ್ಲಿ ಎರಡು ಗೆರೆ ಬಿದ್ದಿದ್ದು ಕೊನೆಯ ವಾಕ್ಯಕ್ಕೆ ಮಾತ್ರ, ಅದೂ ಅರ್ಧಕ್ಕೆ. ಮೊದಲ ಐದು ವಾಕ್ಯಕ್ಕೆ ಗೆರೆಯೇ ಇಲ್ಲ. ಅಲ್ಲಿದ್ದಿದ್ದು ಈ ವಿಷಯ ಎಷ್ಟು ಮಹತ್ವದ್ದು ಅನ್ನುವ ಪುರಾಣ. ಪಕ್ಕದಲ್ಲಿ ಕೂತಿದ್ದ ಹುಡುಗನದ್ದೂ ಅದೇ ಕಥೆ. ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕೆವು.

ಆ ಒಂದು ಗಂಟೆಗೆ 2,000 ಅಲ್ಲ, 5,000 ಕೊಟ್ಟರೂ ನಷ್ಟವಿಲ್ಲ. ಆಮೇಲಿಂದ ಯಾವ ಕಾರ್ಯಾಗಾರಕ್ಕೆ ದುಡ್ಡು ಕಟ್ಟುವ ಮೊದಲೂ ಪೋಸ್ಟರ್‌ನಲ್ಲಿರುವ ನಂಬರಿಗೆ ಫೋನ್ ಮಾಡಿ ಒಂದೇ ಮಾತು ಕೇಳುತ್ತೇನೆ: "ನನ್ನ ಬರಹ ತಂದರೆ ಯಾರಾದರೂ ಕೂತು ಓದುತ್ತಾರಾ?" ತಡವರಿಸಿದರೆ ಹೋಗುವುದಿಲ್ಲ. ಬರೀ ಉಪನ್ಯಾಸ ಕೇಳಲು ದುಡ್ಡು ಯಾಕೆ? ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ಸ್ವಯಂನಲ್ಲಿ ಸಂಶೋಧನಾ ವಿಧಾನದ ಕೋರ್ಸ್‌ಗಳಿವೆ. ಕಲಿಯುವುದು ಉಚಿತ, ಪರೀಕ್ಷೆ ಬರೆದು ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಶುಲ್ಕ.

ಹಾಗಂತ ಸರ್ಟಿಫಿಕೇಟ್ ಯಾವತ್ತೂ ಬೇಡ ಅಂತಲ್ಲ. ಕೆಲಸ ಸಿಕ್ಕ ಮೇಲೆ ಬಡ್ತಿಗೆ ಓರಿಯಂಟೇಶನ್, ರಿಫ್ರೆಶರ್ ಕೋರ್ಸ್ ಬೇಕೇ ಬೇಕು. ಹಿಂದೆ ಎಚ್‌ಆರ್‌ಡಿಸಿ ಅನ್ನುತ್ತಿದ್ದ ಅಧ್ಯಾಪಕರ ತರಬೇತಿ ಕೇಂದ್ರಗಳಲ್ಲೇ 2023ರಿಂದ ಮಾಳವೀಯ ಮಿಷನ್ ಹೆಸರಲ್ಲಿ ಅವು ನಡೆಯುತ್ತಿವೆ. ಅದು ಆಮೇಲಿನ ಮಾತು. ಈಗಲೇ ತಲೆ ಕೆಡಿಸಿಕೊಳ್ಳಬೇಡಿ.

ಶಿವಮೊಗ್ಗದಿಂದ, ಪಿಎಚ್.ಡಿ ಕೊನೆಯ ವರ್ಷ:
ಆರ್‌ಪಿಇ ಕೋರ್ಸ್ ಮಾಡಿರುತ್ತೀರಲ್ವಾ? ರಿಸರ್ಚ್ ಅಂಡ್ ಪಬ್ಲಿಕೇಶನ್ ಎಥಿಕ್ಸ್, 2 ಕ್ರೆಡಿಟ್, 30 ಗಂಟೆ. 2019ರ ಕೊನೆಯಲ್ಲಿ ಯುಜಿಸಿ ಕಡ್ಡಾಯ ಮಾಡಿದ್ದು. ನಾವೆಲ್ಲ ಅದನ್ನು ಸುಮ್ನೆ ಪಾಸಾದರೆ ಸಾಕು ಅಂತ ಕೂತು ಕೇಳಿದ್ದೆವು. ಕೃತಿಚೌರ್ಯ ಶೇ. 10ರ ಒಳಗಿದ್ದರೆ ಸಾಕು ಅನ್ನುವುದೊಂದೇ ತಲೆಯಲ್ಲಿ ಉಳಿಯಿತು. ಲೇಖಕರ ಹೆಸರಿನ ಕ್ರಮದ ಬಗ್ಗೆ ಅದರಲ್ಲೇ ಪಾಠ ಇತ್ತು, ಕಿವಿಗೆ ಹಾಕಿಕೊಳ್ಳಲಿಲ್ಲ. ಆರು ತಿಂಗಳು ರಾತ್ರಿ ಹಗಲು ಕೂತು ಮಾಡಿದ ಕೆಲಸದ ಪೇಪರ್ ಬಂದಾಗ ನೋಡಿದರೆ ನನ್ನ ಹೆಸರು ಮೂರನೆಯದು. ಜಗಳ ಆಡುವಂತೆಯೂ ಇಲ್ಲ, ಯಾಕೆಂದರೆ ಮೊದಲು ಯಾರೂ ಏನೂ ಮಾತಾಡಿಕೊಂಡಿರಲಿಲ್ಲ. ಈಗ ಕೆಲಸ ಶುರು ಮಾಡುವ ದಿನವೇ ಒಂದು ಮೇಲ್ ಹಾಕುತ್ತೇನೆ: "ಸರ್, ನಿನ್ನೆ ಮಾತಾಡಿದ ಹಾಗೆ ಪ್ರಯೋಗ ಮತ್ತು ಮೊದಲ ಡ್ರಾಫ್ಟ್ ನನ್ನದು, ಅಂಕಿಅಂಶದ ವಿಶ್ಲೇಷಣೆ ಅವರದ್ದು. ಹೆಸರುಗಳು ಈ ಕ್ರಮದಲ್ಲಿ ಇರಲಿ ಅಂದಿದ್ದಿರಿ. ಬದಲಾವಣೆ ಇದ್ದರೆ ತಿಳಿಸಿ." ನಾಲ್ಕು ಸಾಲು. ಇದನ್ನು ವಿನಯವಾಗಿ ಬರೆಯಲು ಕಲಿಯುವುದೂ ಒಂದು ಸ್ಕಿಲ್ ಅಂತ ನನಗೆ ತಡವಾಗಿ ಗೊತ್ತಾಯಿತು.

ಬೆಂಗಳೂರಿನಿಂದ, ಒಂದು ಪ್ರಾಜೆಕ್ಟ್ ನಡೆಸುತ್ತಿರುವವರು:
ಎಲ್ಲರೂ ದುಡ್ಡು ತರುವುದನ್ನು ಕಲಿಸುತ್ತಾರೆ, ಖರ್ಚು ಮಾಡುವುದನ್ನು ಯಾರೂ ಕಲಿಸುವುದಿಲ್ಲ. ಮೊದಲ ಅನುದಾನ ಬಂದಾಗ ನನಗೆ ಸರ್ಕಾರಿ ಖರೀದಿಯ ಜಿಇಎಂ ಪೋರ್ಟಲ್ ಗೊತ್ತಿರಲಿಲ್ಲ, ಕೊಟೇಶನ್‌ಗಳ ಹೋಲಿಕೆ ಪಟ್ಟಿ ಗೊತ್ತಿರಲಿಲ್ಲ. ಮೂರು ಕೊಟೇಶನ್ ತರಿಸಿದೆ. ಒಂದರಲ್ಲಿ ಜಿಎಸ್‌ಟಿ ಸೇರಿದೆ, ಇನ್ನೆರಡರಲ್ಲಿ ಸೇರಿಲ್ಲ. ಕಡತ ವಾಪಸ್. ಸರಿ ಮಾಡಿ ಕಳಿಸುವಷ್ಟರಲ್ಲಿ ಕೊಟೇಶನ್ ಅವಧಿ ಮುಗಿದಿತ್ತು. ಮತ್ತೆ ವಾಪಸ್. ಹೀಗೆ ಮಾರ್ಚ್ 31 ಬಂತು, ರಾಸಾಯನಿಕಗಳು ಬರಲಿಲ್ಲ, ದುಡ್ಡು ಹಾಗೇ ಉಳಿಯಿತು. ದುಡ್ಡು ಹೇಗೆ ಖರ್ಚಾಯಿತು ಅಂತ ಲೆಕ್ಕ ಕೊಡುವ ಯುಟಿಲೈಸೇಶನ್ ಸರ್ಟಿಫಿಕೇಟ್ ಸರಿಯಾಗಿ ಹೋಗದೆ ಮುಂದಿನ ಕಂತು ನಿಂತಿತು.

ನನಗೆ ಇದನ್ನು ಕಲಿಸಿದ್ದು ಯಾವ ಕಾರ್ಯಾಗಾರವೂ ಅಲ್ಲ, ಲೆಕ್ಕಪತ್ರ ವಿಭಾಗದ ಒಬ್ಬ ಹಿರಿಯ ಸೂಪರಿಂಟೆಂಡೆಂಟ್. ಮಧ್ಯಾಹ್ನ ಊಟದ ನಂತರ ಹೋಗಿ ಅವರ ಪಕ್ಕದಲ್ಲಿ ಕೂತೆ. ಹಳೆಯ ಪ್ರಾಜೆಕ್ಟಿನ ಒಂದು ಕಡತ ತೆಗೆದು ಆ ಸರ್ಟಿಫಿಕೇಟಿನ 12-ಎ ನಮೂನೆಯನ್ನು ಸಾಲು ಸಾಲಾಗಿ ತೋರಿಸಿದರು. "ಮೇಷ್ಟ್ರೇ, ಇಲ್ಲಿ ಬಡ್ಡಿ ಬರೆಯೋದು ಮರೀತೀರಿ ನೋಡಿ ಎಲ್ಲರೂ" ಅಂದರು. ನಾನು ಮರೆತಿದ್ದೆ! ನಿಮ್ಮ ಗೈಡ್ ಹತ್ತಿರ ಪ್ರಾಜೆಕ್ಟ್ ಇದ್ದರೆ ಅದರ ಕಡತದ ಜೊತೆ ಒಂದು ವರ್ಷ ಓಡಾಡಿ. ಬೇಸರದ ಕೆಲಸ ಹೌದು. ಆದರೆ ನಾಳೆ ನಿಮ್ಮದೇ ಪ್ರಪೋಸಲ್‌ಗೆ ಬಜೆಟ್ ಬರೆಯುವಾಗ ಕೈ ನಡುಗುವುದಿಲ್ಲ.

ಇಂಗ್ಲೆಂಡಿನಿಂದ, ಪೋಸ್ಟ್‌ಡಾಕ್ (ಪಿಎಚ್.ಡಿ ನಂತರದ ಸಂಶೋಧನೆ):
ಇಲ್ಲಿ ವ್ಯವಸ್ಥೆ ಬೇರೆ. ಸಂಶೋಧಕರ ವೃತ್ತಿ ಬೆಳವಣಿಗೆಗೆ ಅಂತ ಒಂದು ಒಪ್ಪಂದ ಇದೆ. 2019ರಲ್ಲಿ ಪರಿಷ್ಕರಿಸಿದಾಗ ವರ್ಷಕ್ಕೆ ಕನಿಷ್ಠ 10 ದಿನ ಇಂಥ ಕಲಿಕೆಗೆ ಸಿಗಬೇಕು ಅಂತ ಬರೆದರು. ಸಹಿ ಹಾಕಿದ ವಿಶ್ವವಿದ್ಯಾಲಯಗಳು ಒಪ್ಪಿವೆ. ಕೇಳಲು ಚೆಂದ. ನಾನು ಮೊದಲ ವರ್ಷ ಬಳಸಿದ್ದು ಎರಡೇ ದಿನ, ಅದೂ ಲೀಡರ್‌ಶಿಪ್ ಅಂತ ಏನೋ ಒಂದು. ಬಾಸ್ ಬೇಡ ಅನ್ನಲಿಲ್ಲ, ನನಗೇ ಲ್ಯಾಬ್ ಬಿಟ್ಟು ಹೋಗಲು ಏನೋ ಅಪರಾಧ ಮಾಡಿದ ಹಾಗೆ ಅನ್ನಿಸುತ್ತಿತ್ತು. ಊರಿಂದ ತಂದ ಅಭ್ಯಾಸ ಇರಬೇಕು. ನಿಮ್ಮ ಗೈಡ್ ಹಾಗಂದರು ಅಂತ ಬರೆದಿದ್ದೀರಲ್ಲ, ನನ್ನ ತಲೆಯೊಳಗೂ ಒಬ್ಬ ಗೈಡ್ ಇದ್ದಾನೆ. ಈಗ ವರ್ಷದ ಮೊದಲೇ ಕ್ಯಾಲೆಂಡರ್‌ನಲ್ಲಿ ದಿನ ಗುರುತು ಹಾಕಿ ಬಾಸ್‌ಗೆ ಮುಂಚೆಯೇ ಹೇಳಿಬಿಡುತ್ತೇನೆ. "ಹೋಗಲಾ?" ಅಂತ ಕೇಳುವುದಕ್ಕೂ "ಆ ಎರಡು ದಿನ ಇರುವುದಿಲ್ಲ, ಅದರ ಹಿಂದಿನ ವಾರ ಡೇಟಾ ಕೊಡುತ್ತೇನೆ" ಅನ್ನುವುದಕ್ಕೂ ವ್ಯತ್ಯಾಸ ಇದೆ ನೋಡಿ.

ಕಲಬುರಗಿಯಿಂದ:
ನಾನು ಎಂ.ಎ.ವರೆಗೂ ಕನ್ನಡ ಮಾಧ್ಯಮ. ನಮಗ ಸ್ಟೇಜ್ ಅಂದ್ರ ಹೆದರಿಕಿ ರೀ. ಸಾಫ್ಟ್ ಸ್ಕಿಲ್ಸ್ ಕಾರ್ಯಾಗಾರದಲ್ಲಿ "ಆತ್ಮವಿಶ್ವಾಸ ಇರಲಿ" ಅಂತ ಹೇಳಿ ಕಳಿಸಿದರು. ಎಲ್ಲಿಂದ ತರಬೇಕು ಅದನ್ನು? ಕೊನೆಗೆ ನಾವೇ ಐದು ಜನ ಸೇರಿದೆವು. ಶನಿವಾರ 4 ಗಂಟೆ, ವಿಭಾಗದ ಗ್ರಂಥಾಲಯ. ಒಬ್ಬರು 10 ನಿಮಿಷ ತಮ್ಮ ಕೆಲಸದ ಬಗ್ಗೆ ಮಾತಾಡಬೇಕು, ಮೊಬೈಲ್ ಅಲಾರಂ ಹೊಡೆದರೆ ಅರ್ಧ ವಾಕ್ಯದಲ್ಲೇ ನಿಲ್ಲಿಸಬೇಕು. ಇಂಗ್ಲಿಷ್ ತಡವರಿಸಿದರೆ ಕನ್ನಡ ಬಳಸಬಹುದು. ಒಂದೇ ನಿಯಮ: "ಚೆನ್ನಾಗಿತ್ತು" ಅನ್ನುವಂತಿಲ್ಲ. ಕೇಳಿದವರು ಎಲ್ಲಿ ತಮಗೆ ದಾರಿ ತಪ್ಪಿತು ಅನ್ನುವುದನ್ನು ಹೇಳಬೇಕು. ಮೊದಲ ವಾರ ನನಗೆ ನಾಲ್ಕೂ ಜನ ಹೇಳಿದ್ದು ಒಂದೇ ಜಾಗ, ಎರಡನೇ ಸ್ಲೈಡ್! ಎರಡನೇ ಸ್ಲೈಡಿಗೇ ಎಲ್ಲರನ್ನೂ ಕಳೆದುಕೊಂಡಿದ್ದೆ. ವೈವಾ ದಿನ ಆ ಸ್ಲೈಡ್ ಇರಲೇ ಇಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಈ ವಾರದ 2,000 ರೂಪಾಯಿಯದಕ್ಕೆ ಫೋನ್ ಮಾಡಿದೆ. "ಓದುವುದೆಲ್ಲ ಇಲ್ಲ ಮೇಡಂ, ರೆಕಾರ್ಡಿಂಗ್ ಕೊಡುತ್ತೇವೆ" ಅಂದರು. ಬಿಟ್ಟೆ. ಶನಿವಾರದ ಕೂಟಕ್ಕೆ ನಮ್ಮ ಲ್ಯಾಬ್‌ನಲ್ಲಿ ಇಬ್ಬರು ಒಪ್ಪಿದ್ದಾರೆ, ಮೂರನೆಯವಳಿಗೆ ಮಿರ್ಚಿ ಮಂಡಕ್ಕಿ ಕೊಡಿಸಬೇಕಂತೆ. ಒಂದೇ ಅನುಮಾನ: ಗೈಡ್ ಅವರನ್ನೂ ಕರೆಯಬೇಕಾ?

ಕಲಬುರಗಿಯಿಂದ:
ಎರಡು ತಿಂಗಳು ಬ್ಯಾಡ ರೀ. ಮೊದಲು ತಪ್ಪು ಮಾಡಲಿಕ್ಕೆ ಒಂದು ಜಾಗ ಇರಲಿ.