“ನಿಮ್ಮ ಕೈಗೆ ಎಷ್ಟು ಬೇಕು?” ಮನೆ ಮಾರುವವರ ಪ್ರಶ್ನೆಗೆ ಆಧಾರ (ಕ್ರಯಪತ್ರ) ಬರೆಯುವವರ ಉತ್ತರ

ಪ್ರಶ್ನೆ (ನೀರ್ಚಾಲು ಕಡೆಯವರು, ಈಗ ಮಂಗಳೂರಿನಲ್ಲಿ ಕೆಲಸ)

ನಮಸ್ಕಾರ ಅಣ್ಣ. ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನ ಹತ್ತಿರ ನಮ್ಮದೊಂದು ಹೆಂಚಿನ ಮನೆ, 16 ಸೆಂಟ್ಸ್ ಜಾಗ, ಒಳ್ಳೆ ನೀರಿನ ಬಾವಿ. ಅಪ್ಪ ಹೋಗಿ ಎರಡು ವರ್ಷ ಆಯ್ತು. ಅಮ್ಮ ಒಬ್ಬರೇ ಇದ್ದಾರೆ. ಮಾರಿ ಅವರನ್ನು ಮಂಗಳೂರಿಗೆ ಕರಕೊಂಡು ಬರುವ ಅಂತ ಹೊರಟು ಏಳು ತಿಂಗಳು ಆಯ್ತು.

ಮೂವರು ಬ್ರೋಕರ್‌ಗಳಿಗೆ ಹೇಳಿದ್ದೆ. ಮೂವರೂ ಮೊದಲು ಕೇಳಿದ್ದು ಒಂದೇ ಮಾತು, “ನಿಮ್ಮ ಕೈಗೆ ಎಷ್ಟು ಬೇಕು?” ನಾನು 42 ಲಕ್ಷ ಅಂದೆ. ಈಗ ಒಬ್ಬರು ಫೇಸ್‌ಬುಕ್‌ನಲ್ಲಿ 55ಕ್ಕೆ ಹಾಕಿದ್ದಾರೆ, ಇನ್ನೊಬ್ಬರು 49 ಹೇಳ್ತಾರೆ. ನೋಡಲು ಬಂದವರು “ಒಂದೇ ಮನೆಗೆ ಎರಡು ರೇಟ್ ಎಂತಕ್ಕೆ?” ಅಂತ ಅಮ್ಮನ ಹತ್ತಿರವೇ ಕೇಳಿ ಹೋದರು. ಫೋನ್ ಮಾಡದೆ ಆದಿತ್ಯವಾರ ಮಧ್ಯಾಹ್ನ ಜನ ಕರಕೊಂಡು ಬರ್ತಾರೆ. ಕಳೆದ ವಾರ ಯಾರೋ ಚಪ್ಪಲಿ ಹಾಕ್ಕೊಂಡೇ ದೇವರ ಕೋಣೆಗೆ ಹೋದರಂತೆ. ಕೇಳದೆಯೇ ಹಲಸಿನ ಮರಕ್ಕೆ ಬೋರ್ಡ್ ಬೇರೆ ಹೊಡೆದಿದ್ದಾರೆ.

ಈಗ ಮೂರನೆಯವರು ಒಂದು ದಾರಿ ಹೇಳ್ತಿದ್ದಾರೆ. ಅವರ ಹೆಸರಿಗೇ 42 ಲಕ್ಷಕ್ಕೆ ಎಗ್ರಿಮೆಂಟ್ ಮಾಡಿ ಕೊಡಬೇಕು, 1 ಲಕ್ಷ ಅಡ್ವಾನ್ಸ್, ಆರು ತಿಂಗಳ ವಾಯಿದೆ. “ಮತ್ತೆ ನಿಮಗೆ ತಲೆಬಿಸಿಯೇ ಇಲ್ಲ” ಅಂತಾರೆ. ಸೈನ್ ಹಾಕಬಹುದಾ? ಇವರ ಮೇಲೆ ಎಲ್ಲಿಯಾದರೂ ದೂರು ಕೊಡಲಿಕ್ಕೆ ಆಗ್ತದಾ? ತಮ್ಮ ದುಬೈಯಲ್ಲಿದ್ದಾನೆ, ತಂಗಿಯನ್ನು ಪುತ್ತೂರಿಗೆ ಕೊಟ್ಟದ್ದು.

ಉತ್ತರ (ಆಧಾರ ಬರೆಯುವವರು, ಬದಿಯಡ್ಕ)

ಸೈನ್ ಹಾಕಬೇಡಿ. ಉಳಿದದ್ದನ್ನು ನಿಧಾನಕ್ಕೆ ಹೇಳ್ತೇನೆ.

ಸಬ್ ರಿಜಿಸ್ಟ್ರಾರ್ ಆಫೀಸಿನ ಜಗಲಿಯಲ್ಲಿ ಕೂತು ಆಧಾರ ಬರೆಯಲು ತೊಡಗಿ ಇಪ್ಪತ್ತಾರು ವರ್ಷ ಆಯ್ತು. ಬ್ರೋಕರ್ ಒಳ್ಳೆಯವನಾ ಕೆಟ್ಟವನಾ ಅಂತ ಜನ ಕೇಳ್ತಾರೆ. ನಾನು ನೋಡಿದ ಮಟ್ಟಿಗೆ ಜಗಳದ ಬೇರು ಅಲ್ಲಿಲ್ಲ, ನೀವು ಮೊದಲ ದಿವಸವೇ ಹೇಳಿದ ಆ ಒಂದು ಮಾತಿನಲ್ಲಿ ಉಂಟು. “ಕೈಗೆ 42 ಸಿಕ್ಕಿದರೆ ಸಾಕು” ಅಂದಿರಲ್ಲ, ಆಗಲೇ ಅವರು ನಿಮ್ಮ ಬ್ರೋಕರ್ ಆಗಿ ಉಳಿಯಲಿಲ್ಲ. ಕಮಿಷನ್‌ಗೆ ದುಡಿಯುವವನಿಗೆ ನಿಮ್ಮ ಮನೆ ಹೆಚ್ಚು ರೇಟಿಗೆ ಹೋದರೆ ಲಾಭ. “ಕೈಗೆ ಇಷ್ಟು” ಅಂತ ಮಾತಾಡಿಕೊಂಡವನಿಗೆ ನಿಮ್ಮ 42ಕ್ಕೂ ಬಂದವನ ಜೇಬಿಗೂ ನಡುವೆ ಎಷ್ಟು ಅಂತರ ಉಂಟೋ ಅಷ್ಟೇ ಲಾಭ. ಹಾಗಾಗಿ ಒಬ್ಬ 49 ಹೇಳ್ತಾನೆ, ಇನ್ನೊಬ್ಬ 55. 44ಕ್ಕೆ ರೆಡಿ ಇದ್ದವನನ್ನು ನಿಮ್ಮ ತನಕ ಕರಕೊಂಡೇ ಬರುವುದಿಲ್ಲ. ಏಳು ತಿಂಗಳು ಹೀಗೆಯೇ ಹೋದದ್ದು.

ಇನ್ನು ಆ ಎಗ್ರಿಮೆಂಟ್. ಅವರಿಗೆ ನಿಮ್ಮ ಮನೆ ಕೊಳ್ಳುವ ಮನಸ್ಸಿಲ್ಲ. 1 ಲಕ್ಷಕ್ಕೆ ಆರು ತಿಂಗಳು ನಿಮ್ಮನ್ನು ಕಟ್ಟಿಹಾಕಿ, ಅಷ್ಟರಲ್ಲಿ ಬೇರೆ ಪಾರ್ಟಿ ಹುಡುಕಿ ಮಗುಚುವುದು. ಪಾರ್ಟಿ ಸಿಕ್ಕದಿದ್ದರೆ ವಾಯಿದೆ ಮುಗಿಯುವ ವಾರ ಬಂದು “ಪೇಪರ್ ಸರಿ ಇಲ್ಲ” ಅಂತ ಒಂದು ಕೊಕ್ಕೆ ತೆಗೀತಾರೆ, ಅಡ್ವಾನ್ಸ್ ವಾಪಸ್ ಕೇಳ್ತಾರೆ. ಸಿಕ್ಕಿದರೆ ನಿಮಗೆ ಇನ್ನೂ ಕಷ್ಟ. ಎಂತಕ್ಕೆ ಅಂದರೆ ಕೇಳಿ.

ಒಬ್ಬರು ರಿಟೈರ್ಡ್ ಮಾಷ್ಟ್ರು, ಹೀಗೆಯೇ 40ಕ್ಕೆ ಎಗ್ರಿಮೆಂಟ್ ಹಾಕಿಕೊಟ್ಟಿದ್ದರು. ರಿಜಿಸ್ಟ್ರೇಷನ್ ದಿವಸ ಬಂದರು, ಇಸ್ತ್ರಿ ಹಾಕಿದ ಬಿಳಿ ಪಂಚೆ, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಹಳೇ ಆಧಾರ. ಕೊಳ್ಳುವವರು ಬೇರೆಯೇ ಜನ, ಬ್ಯಾಂಕ್ ಲೋನ್ ತೆಗೆದವರು. ಆಧಾರ ಮಲಯಾಳದಲ್ಲಿ ಇತ್ತು, ಮಾಷ್ಟ್ರಿಗೆ ಓದಲಿಕ್ಕೆ ಬರುವುದಿಲ್ಲ. ಸೈನಿಗೆ ಮುಂಚೆ ನಾನು ಗೆರೆ ಗೆರೆಯಾಗಿ ಕನ್ನಡದಲ್ಲಿ ಹೇಳ್ತಾ ಹೋದೆ. ಸರ್ವೆ ನಂಬರ್ ಆಯ್ತು, ಚೆಕ್ಕುಬಂದಿ ಆಯ್ತು, ಕ್ರಯದ ಮೊತ್ತ 52 ಲಕ್ಷ ಅಂದೆ. ಮಾಷ್ಟ್ರು ಕನ್ನಡಕ ತೆಗೆದು ಕೇಳಿದರು, “ಯಾರ ಐವತ್ತೆರಡು?”

ಬ್ರೋಕರ್ ನಗ್ತಾ “ಅದು ಬ್ಯಾಂಕಿಗೋಸ್ಕರ ಮಾಷ್ಟ್ರೇ” ಅಂದ. ಸುಳ್ಳಲ್ಲ. ಲೋನ್ ತೆಗೆಯುವವನಿಗೆ ತಾನು ಕೊಡುವ ಪೂರ್ತಿ ಮೊತ್ತ ಆಧಾರದಲ್ಲಿ ಕಾಣಬೇಕು. ಆದರೆ ಆಧಾರದಲ್ಲಿ 52 ಸಂದಾಯವಾಯ್ತು ಅಂತ ಸೈನ್ ಹಾಕುವುದು ಮಾಷ್ಟ್ರು. 50 ಲಕ್ಷ ಅಥವಾ ಅದಕ್ಕಿಂತ ಮೇಲಿನ ವ್ಯವಹಾರವಾದರೆ ಕೊಳ್ಳುವವರು 1 ಶೇಕಡಾ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿದು ಮಾರುವವರ ಪಾನ್ ನಂಬರಿಗೆ ಕಟ್ಟಬೇಕು. ಅಲ್ಲಿಗೆ 52 ಎಂಬ ಲೆಕ್ಕ ಇನ್‌ಕಮ್ ಟ್ಯಾಕ್ಸಿನವರ ಹತ್ತಿರ ಮಾಷ್ಟ್ರ ಹೆಸರಲ್ಲೇ ಹೋಗಿ ಕೂರ್ತದೆ. ತೆರಿಗೆ 52ರ ಲೆಕ್ಕಕ್ಕೆ, ಕೈಗೆ ಬರುವುದು 40. ನಡುವಿನ 12 ಲಕ್ಷಕ್ಕೆ ಒಂದು ಚೀಟಿ ಇಲ್ಲ.

ಆ ದಿವಸ ರಿಜಿಸ್ಟ್ರೇಷನ್ ಆಗಲಿಲ್ಲ. ಮಾಷ್ಟ್ರು ಆಧಾರವನ್ನು ಮತ್ತೆ ಅದೇ ಕವರಿನಲ್ಲಿ ಸುತ್ತಿ ಎದ್ದು ಹೋದರು. ಬ್ರೋಕರ್ ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ, ಅದು ಬೇರೆ ವಿಷಯ.

ದೂರಿನ ವಿಷಯ ವಕೀಲರೇ ಹೇಳಲಿ, ನಮ್ಮ ಈ ಪ್ರಶ್ನೋತ್ತರದ ಗುಂಪಿನಲ್ಲೇ ಇದ್ದಾರೆ.

ವಕೀಲರು (ಕಾಸರಗೋಡು)

ಚುಟುಕಾಗಿ ಹೇಳ್ತೇನೆ. ಎಲ್ಲರೂ ಮೊದಲು ಕೇಳುವುದು ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣದ ಕಾನೂನು. 2016ರ ಆ ಕಾನೂನಿನಲ್ಲಿ ಏಜೆಂಟ್‌ಗಳು ರಿಜಿಸ್ಟರ್ ಮಾಡಿಸಬೇಕಾದದ್ದು ಬಿಲ್ಡರ್‌ಗಳ ನೋಂದಾಯಿತ ಪ್ರಾಜೆಕ್ಟಿನ ಫ್ಲ್ಯಾಟ್, ಸೈಟು ಮಾರುವುದಾದರೆ. ನಿಮ್ಮ ಅಪ್ಪನ ಹೆಂಚಿನ ಮನೆ ಅದರ ಒಳಗೆ ಬರುವುದಿಲ್ಲ. ದುಡ್ಡು ತೆಗೆದುಕೊಂಡು ಕೆಲಸ ಮಾಡದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಉಂಟು. ನೀವು ಇನ್ನೂ ಏನೂ ಕೊಟ್ಟಿಲ್ಲವಲ್ಲ.

ನಿಜವಾಗಿ ಉಪಯೋಗಕ್ಕೆ ಬರುವುದು ಹಳೆಯ ಕಾನೂನು, 1872ರ ಕರಾರು ಕಾಯ್ದೆ. ಏಜೆಂಟ್ ಆದವನು ಮಾಲೀಕನಿಗೆ ಗೊತ್ತಾಗದಂತೆ ತನ್ನದೇ ಲಾಭಕ್ಕೆ ಆ ವ್ಯವಹಾರ ಮಾಡಿದರೆ, ಆ ಲಾಭವನ್ನು ಮಾಲೀಕ ಕೇಳಬಹುದು ಅಂತ 216ನೇ ಕಲಂ ಹೇಳ್ತದೆ. ವ್ಯವಹಾರದಲ್ಲಿ ಅಡ್ಡದಾರಿ ಹಿಡಿದರೆ ಅಷ್ಟರ ಮಟ್ಟಿಗೆ ಕಮಿಷನ್ನಿನ ಹಕ್ಕೂ ಇಲ್ಲ, ಅದು 220. ಆದರೆ “ಗೊತ್ತಾಗದಂತೆ” ಎಂಬಲ್ಲೇ ಕೇಸು ಸೋಲುವುದು. “ಕೈಗೆ 42, ಮೇಲಿನದ್ದು ನೀವು ನೋಡಿಕೊಳ್ಳಿ” ಅಂತ ವಾಟ್ಸಾಪಿನಲ್ಲಿ ಕಳಿಸಿದ್ದರೆ ನೀವು ಒಪ್ಪಿದ ಹಾಗೆಯೇ. ಅಂಥ ಮೆಸೇಜ್ ಇದ್ದರೆ ಇವತ್ತೇ ಇನ್ನೊಂದು ಕಳಿಸಿ: ಆ ಮಾತು ಹಿಂತೆಗೆದುಕೊಂಡಿದ್ದೇನೆ, ರೇಟು ಇನ್ನು ನನ್ನನ್ನು ಕೇಳಿಯೇ ಹೇಳಬೇಕು ಅಂತ.

ಎಗ್ರಿಮೆಂಟಿನ ಬದಲು ಪವರ್ ಆಫ್ ಅಟಾರ್ನಿ ಕೇಳಿದರೂ ಕೊಡಬೇಡಿ. ಅದರಿಂದ ಆಸ್ತಿಯ ಹಕ್ಕು ದಾಟುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ನಿಮ್ಮ ಹೆಸರಿನಲ್ಲಿ ಸೈನ್ ಹಾಕುವ ಅಧಿಕಾರ ಅವರ ಕೈಗೆ ಹೋಗಿರ್ತದೆ.

ನಡುವೆ ಒಬ್ಬರು (ಕುಂಬಳೆ, ಬ್ರೋಕರ್)

ನಾನೂ ಬ್ರೋಕರೇ, ಬೈಸಿಕೊಂಡು ಅಭ್ಯಾಸ ಉಂಟು. ನಮ್ಮ ಕಥೆಯನ್ನೂ ಕೇಳಿ ಮಾರಾಯ್ರೆ. ಒಂದು ಮನೆಗೆ ನನ್ನ ಬೈಕಿನಲ್ಲಿ ಹನ್ನೊಂದು ಸಲ ಜನ ಕರಕೊಂಡು ಹೋದೆ. ಹನ್ನೆರಡನೇ ಸಲ ಅವರೇ ಹೋದರು, ನನ್ನನ್ನು ಬಿಟ್ಟು ವ್ಯಾಪಾರ ಮುಗಿಸಿದರು. ಮನೆಯವರು ಅಂದದ್ದು, “ಅವರು ನಮಗೆ ಮೊದಲೇ ಗುರ್ತ”. ಎರಡು ಶೇಕಡಾ ಕಮಿಷನ್ ಅಂತ ಬಾಯಲ್ಲಿ ಹೇಳ್ತಾರೆ, ರಿಜಿಸ್ಟ್ರೇಷನ್ ದಿವಸ ಜೇಬಿನಿಂದ ಹತ್ತು ಸಾವಿರ ತೆಗೀತಾರೆ. ಅದಕ್ಕೇ ಕೆಲವರು ಕಮಿಷನ್ ಬಿಟ್ಟು ನಡುವಿನ ಮಾರ್ಜಿನ್ ಇಟ್ಟುಕೊಳ್ಳುವುದು.

ಆಧಾರ ಬರೆಯುವವರು

ಇವರು ಹೇಳಿದ್ದೂ ನಿಜ, ನಾನೇ ಎಷ್ಟೋ ನೋಡಿದ್ದೇನೆ. ಎರಡು ಶೇಕಡಾ ಎಂಬುದು ಎಲ್ಲಿಯೂ ಬರೆದಿಟ್ಟ ಕಾನೂನಲ್ಲ, ಊರಿನ ರೂಢಿ. ಅದನ್ನು ಒಂದು ಹಾಳೆಯಲ್ಲಿ ಬರೆದರೆ ಇಬ್ಬರಿಗೂ ಒಳ್ಳೆಯದು. ಕಮಿಷನ್ ಬ್ಯಾಂಕಿನ ಮೂಲಕ ಕೊಟ್ಟು ರಶೀದಿ ತೆಗೆದುಕೊಳ್ಳಿ. ತೆರಿಗೆ ಲೆಕ್ಕ ಹಾಕುವಾಗ ಅದನ್ನು ಮಾರಾಟದ ಖರ್ಚು ಅಂತ ಕಳೆಯಲಿಕ್ಕೆ ಬರ್ತದೆ.

ಮರುಪ್ರಶ್ನೆ (ನೀರ್ಚಾಲು)

ತುಂಬ ಉಪಕಾರ ಆಯ್ತು ಅಣ್ಣ, ಅಕ್ಕ. ಮೆಸೇಜ್ ಹುಡುಕಿದೆ, “ಮೇಲಿನದ್ದು ನಿಮಗೆ” ಅಂತ ನಾನೇ ಬರೆದದ್ದು ಸಿಕ್ಕಿತು, ನಾಚಿಕೆ ಆಯ್ತು. ಮೂವರಿಗೂ ಹಿಂತೆಗೆದುಕೊಂಡೆ ಅಂತ ಕಳಿಸಿದ್ದೇನೆ. “ಪೇಪರ್ ಎಲ್ಲ ನಾನು ನೋಡಿಕೊಳ್ತೇನೆ” ಅಂತ ಒಬ್ಬರು ಹೇಳ್ತಾರೆ. ಕೊಡಬಹುದಾ?

ಉತ್ತರ (ಆಧಾರ ಬರೆಯುವವರು)

ಒರಿಜಿನಲ್ ಯಾರ ಕೈಗೂ ಕೊಡಬೇಡಿ, ಝೆರಾಕ್ಸ್ ಸಾಕು. ಪೇಪರ್ ನೀವೇ ಸರಿ ಮಾಡಿಸಿಟ್ಟರೆ ಕೊನೇ ಗಳಿಗೆಯಲ್ಲಿ ರೇಟು ಇಳಿಸಲು ಅವರಿಗೆ ನೆವ ಸಿಕ್ಕುವುದಿಲ್ಲ. ಹಿಂದಿನ ಆಧಾರ, ಈ ವರ್ಷದ ತೀರ್ವೆ (ಭೂಕಂದಾಯ) ರಶೀದಿ, ಪಂಚಾಯತಿನ ಕಟ್ಟಡ ತೆರಿಗೆ ರಶೀದಿ, ವಿಲ್ಲೇಜ್ ಆಫೀಸಿನ ಪೊಸೆಷನ್ ಸರ್ಟಿಫಿಕೇಟ್ ಮತ್ತು ಲೊಕೇಷನ್ ಸ್ಕೆಚ್, ಸಬ್ ರಿಜಿಸ್ಟ್ರಾರ್ ಆಫೀಸಿನಿಂದ ಋಣಭಾರ ಪತ್ರ. ಇಷ್ಟು ಬೇಕು. ಜಾಗ ವಿಲ್ಲೇಜಿನ ದಾಖಲೆಯಲ್ಲಿ ಗದ್ದೆ ಅಂತ ಇದೆಯಾ ನೋಡಿ. ಈಗ ತೋಟವೋ ಮನೆಯೋ ಇದ್ದರೂ, 2008ರ ಗದ್ದೆ ಸಂರಕ್ಷಣೆಯ ಕಾನೂನಿನ ಡೇಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆಗಳ ಪಟ್ಟಿಯಲ್ಲಿ, ನಿಮ್ಮ ಜಾಗ ಇದ್ದರೆ ಕೊಳ್ಳುವವರ ಬ್ಯಾಂಕ್ ಅಲ್ಲಿಗೇ ನಿಲ್ಲಿಸ್ತದೆ.

ನಿಮ್ಮ ಮೂಲ ಆಧಾರ ಕನ್ನಡದಲ್ಲೇ ಇರಬಹುದು. 1956ರ ತನಕ ಈ ಕಡೆ ಮದ್ರಾಸ್ ಸರಕಾರದ ದಕ್ಷಿಣ ಕನ್ನಡ ಜಿಲ್ಲೆ ಅಲ್ಲವಾ. ಹಳೇ ಮೋಡಿ ಕೈಬರಹ ಆದರೆ ಓದುವವರು ಕಡಿಮೆ, ಬ್ಯಾಂಕಿನ ವಕೀಲರು ತರ್ಜುಮೆ ಕೇಳ್ತಾರೆ. ಈಗಲೇ ಮಾಡಿಸಿಡಿ.

ಮುಖ್ಯವಾದದ್ದು ಇನ್ನೊಂದು. ಅಪ್ಪ ವಿಲ್ ಬರೆದಿಡದೆ ಹೋಗಿದ್ದರೆ ಅಮ್ಮ, ನೀವು, ತಮ್ಮ, ಪುತ್ತೂರಿನ ತಂಗಿ, ನಾಲ್ವರಿಗೂ ಸಮಪಾಲು. ನಾಲ್ವರ ಸೈನೂ ಬೇಕು. ತಂಗಿಯನ್ನು ಕೇಳಿದ್ದೀರಾ? ಬ್ರೋಕರ್ ಕೇಳುವುದಿಲ್ಲ, ನಾನು ಕೇಳ್ತೇನೆ.

ವಕೀಲರು (ಕಾಸರಗೋಡು)

ತಮ್ಮನ ವಿಷಯ ಸೇರಿಸ್ತೇನೆ. ಅವರು ಬರಲಾಗದಿದ್ದರೆ ನಿಮ್ಮ ಹೆಸರಿಗೆ, ಬ್ರೋಕರಿನ ಹೆಸರಿಗಲ್ಲ, ಪವರ್ ಆಫ್ ಅಟಾರ್ನಿ ಬರೆದು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಲಿ. ಈ ಮನೆ ಮಾರಲು ಮಾತ್ರ ಅಂತ ಸರ್ವೆ ನಂಬರ್ ಸಹಿತ ಬರೆಯಲಿ. ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು, ಇದನ್ನು ಮರೆತು ಪರದಾಡುವವರು ತುಂಬ.

ಇನ್ನು ಟಿಡಿಎಸ್. ಅಣ್ಣ ಹೇಳಿದ 50 ಲಕ್ಷದ ಮಿತಿ, 1 ಶೇಕಡಾ, ಎರಡೂ ಊರಿನಲ್ಲಿರುವವರಿಗೆ. ಮಾರುವವರು ಅನಿವಾಸಿ ಆದರೆ ಆ ಮಿತಿ ಇಲ್ಲ. ತಮ್ಮನ ಪಾಲಿಗೆ ದೀರ್ಘಾವಧಿ ಲಾಭದ 12.5 ಶೇಕಡಾ, ಅದರ ಮೇಲೆ ಸೆಸ್ ಲೆಕ್ಕದಲ್ಲಿ ಹಿಡಿಯಬೇಕಾಗ್ತದೆ. ಎಷ್ಟು ಲಾಭ ಅಂತ ಕೊಳ್ಳುವವರಿಗೆ ಗೊತ್ತಿರುವುದಿಲ್ಲ, ಪಾಲಿನ ಪೂರ್ತಿ ಮೊತ್ತಕ್ಕೇ ಹಿಡಿದುಬಿಡ್ತಾರೆ. ಕಡಿಮೆ ಹಿಡಿಯುವಂತೆ ಇನ್‌ಕಮ್ ಟ್ಯಾಕ್ಸಿನಿಂದ ಸರ್ಟಿಫಿಕೇಟ್ ತೆಗೆಯಬಹುದು, ಆದರೆ ಅದಕ್ಕೆ ದಿವಸ ಹಿಡಿಯುತ್ತದೆ. ಎಗ್ರಿಮೆಂಟಿಗೆ ಮುಂಚೆಯೇ ಒಬ್ಬ ಆಡಿಟರ್ ಹತ್ತಿರ ಹೋಗಿ.

ಪ್ರಶ್ನೆ (ಪೆರ್ಲ ಕಡೆಯವರು)

ನಮ್ಮ ಪಾರ್ಟಿ ಆಧಾರದಲ್ಲಿ ಕಡಿಮೆ ತೋರಿಸುವ, ಉಳಿದದ್ದು ಕ್ಯಾಶ್ ಅಂತಾರೆ. ಬ್ರೋಕರೂ ಅದಕ್ಕೇ ತಾಳ ಹಾಕ್ತಾರೆ.

ಉತ್ತರ (ಆಧಾರ ಬರೆಯುವವರು)

ತಾಳ ಹಾಕದೆ ಇರ್ತಾರಾ? ಕೇರಳದಲ್ಲಿ ಸ್ಟ್ಯಾಂಪ್ 8, ರಿಜಿಸ್ಟ್ರೇಷನ್ ಫೀಸು 2, ಒಟ್ಟು 10 ಶೇಕಡಾ, ಕೊಡುವುದು ಕೊಳ್ಳುವವರು. ಕಡಿಮೆ ಬರೆದರೆ ಉಳಿತಾಯ ಅವರಿಗೆ. ನಿಮಗೆ? ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚು ಕ್ಯಾಶ್ ತೆಗೆದುಕೊಳ್ಳುವ ಹಾಗಿಲ್ಲ. ತೆಗೆದುಕೊಂಡವರಿಗೆ ಅಷ್ಟೇ ಮೊತ್ತ ದಂಡ. ಅಂದರೆ 10 ಲಕ್ಷ ಕ್ಯಾಶಿಗೆ 10 ಲಕ್ಷ. ದಂಡ ನಿಮಗೆ, ಉಳಿತಾಯ ಅವರಿಗೆ, ಕಮಿಷನ್ ಬ್ರೋಕರಿಗೆ.

ಮರುಪ್ರಶ್ನೆ (ನೀರ್ಚಾಲು)

ಆ ಒಂದು ಹಾಳೆಯಲ್ಲಿ ಎಂತ ಬರೆಯಬೇಕು ಅಂತ ಹೇಳಿದರೆ ಉಪಕಾರ.

ಉತ್ತರ (ಆಧಾರ ಬರೆಯುವವರು)

ದೊಡ್ಡ ಭಾಷೆ ಬೇಡ, ಹೀಗೆ ಬರೆಯಿರಿ:

“ಈ ಮನೆಗೆ ನಾವು ಹೇಳುವ ರೇಟು 48 ಲಕ್ಷ. ಬಂದವರಿಗೆ ಇದೇ ರೇಟು ಹೇಳಬೇಕು. ಯಾರು ಎಷ್ಟಕ್ಕೆ ಕೇಳಿದರೂ ನಮಗೆ ತಿಳಿಸಬೇಕು. ಎಗ್ರಿಮೆಂಟ್ ಕೊಳ್ಳುವವರ ಹೆಸರಿಗೇ, ಅಡ್ವಾನ್ಸ್ ನಮ್ಮ ಬ್ಯಾಂಕ್ ಖಾತೆಗೇ. ನೀವು ಕರಕೊಂಡು ಬಂದವರಿಗೆ ಮಾರಿದರೆ ಆಧಾರದ ಮೊತ್ತದ ಎರಡು ಶೇಕಡಾ, ರಿಜಿಸ್ಟ್ರೇಷನ್ ದಿವಸ. ಅವರು ಆರು ತಿಂಗಳೊಳಗೆ ನೇರವಾಗಿ ಬಂದರೂ ಕಮಿಷನ್ ನಿಮ್ಮದೇ. ಮನೆ ತೋರಿಸಲು ಹಿಂದಿನ ದಿವಸ ಫೋನ್ ಮಾಡಬೇಕು.”

ಆರು ತಿಂಗಳ ಆ ಸಾಲು ಕುಂಬಳೆಯವರಿಗೋಸ್ಕರ. ಕೆಳಗೆ ಇಬ್ಬರ ಸೈನು, ತಾರೀಕು. ತೋರಿಸಿದವರ ಹೆಸರು ಅಮ್ಮ ಒಂದು ಪುಸ್ತಕದಲ್ಲಿ ಬರೆದಿಡಲಿ, ಬ್ರೋಕರ್ ಅಲ್ಲಲ್ಲೇ ಸೈನ್ ಹಾಕಲಿ.

ಹೈವೇ ಬಂತು, ತಲಪ್ಪಾಡಿಯಿಂದ ಚೆಂಗಳದವರೆಗೆ ಆರು ಪಥ ಆಯ್ತು, ಇನ್ನು ರೇಟು ಹಾರ್ತದೆ ಅಂತ ಯಾರಾದರೂ ಕಿವಿ ಊದಿದರೆ, ನೀರ್ಚಾಲಿನಿಂದ ಹೈವೇಗೆ ಎಷ್ಟು ದೂರ ಅಂತ ಅವರನ್ನೇ ಕೇಳಿ.

ನೀರ್ಚಾಲಿನವರು (ಹತ್ತು ದಿವಸ ಬಿಟ್ಟು)

ತಂಗಿಯ ಹತ್ತಿರ ಮಾತಾಡಿದೆ, ಒಪ್ಪಿದಳು. “ಇಷ್ಟು ದಿವಸ ಎಂತಕ್ಕೆ ಹೇಳಲಿಲ್ಲ?” ಅಂತ ಸ್ವಲ್ಪ ಅತ್ತಳು ಕೂಡ. ತಮ್ಮ ಕಾನ್ಸುಲೇಟಿನ ಕೆಲಸಕ್ಕೆ ಓಡಾಡ್ತಿದ್ದಾನೆ.

ಹಾಳೆಯನ್ನು ಮೂವರಿಗೂ ಕೊಟ್ಟೆ. ಒಬ್ಬರು ಓದಿ ಅಲ್ಲೇ ಸೈನ್ ಹಾಕಿದರು. ಇನ್ನೊಬ್ಬರು “ನಂಬಿಕೆ ಇಲ್ಲದಿದ್ದರೆ ಬೇಡ” ಅಂತ ಎದ್ದರು. ಎಗ್ರಿಮೆಂಟ್ ಕೇಳಿದವರು ನಾಳೆ ಹೇಳ್ತೇನೆ ಅಂದವರು ಫೋನ್ ತೆಗೀತಿಲ್ಲ. ಬೋರ್ಡ್ ಅವರದ್ದೇ ಆಗಿತ್ತು, ನಾನೇ ತೆಗೆದು ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ಮೊಳೆ ಮಾತ್ರ ಎಷ್ಟು ಎಳೆದರೂ ಬರಲಿಲ್ಲ, ಹಲಸಿನ ಮರದಲ್ಲೇ ಉಂಟು.