ಕಿಡ್ನಿ ಕಸಿಯಾಗಿ ವರ್ಷ ದಾಟಿತು, ರಿವ್ಯೂ ಫಾರ್ಮ್ ಬಂದಿದೆ: ಎಸ್‌ಎಸ್‌ಡಿಐ ಉಳಿಸಿಕೊಳ್ಳೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಯಜಮಾನರಿಗೆ 47 ವರ್ಷ. ಟೈಪ್ 1 ಡಯಾಬಿಟಿಸ್‌ನಿಂದ ಕಿಡ್ನಿ ಹೋಗಿ ಡಯಾಲಿಸಿಸ್‌ನಲ್ಲಿದ್ದಾಗ ಎಸ್‌ಎಸ್‌ಡಿಐ (ಅಮೆರಿಕ ಸರ್ಕಾರದ ಅಂಗವೈಕಲ್ಯ ಮಾಸಾಶನ) ಮಂಜೂರಾಗಿತ್ತು. ಕಸಿಯಾಗಿ 14 ತಿಂಗಳಾಯಿತು. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ) ಚೆನ್ನಾಗಿದೆ, ಆದರೆ ಪಾದಗಳಲ್ಲಿ ನ್ಯೂರೋಪತಿ (ನರಗಳ ಹಾನಿ), ಗ್ಯಾಸ್ಟ್ರೋಪರೇಸಿಸ್ (ಹೊಟ್ಟೆ ನಿಧಾನವಾಗಿ ಖಾಲಿಯಾಗೋದು), ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಮಾತ್ರೆಯಿಂದ ಕೈ ನಡುಕ ಇದೆ. ಈಗ ಸೋಷಿಯಲ್ ಸೆಕ್ಯುರಿಟಿ ಇಲಾಖೆಯಿಂದ, ಅಂಗವೈಕಲ್ಯ ಇನ್ನೂ ಇದೆಯಾ ಅಂತ ನೋಡುವ ರಿವ್ಯೂಗಾಗಿ, ಎಸ್‌ಎಸ್‌ಎ-454 ಫಾರ್ಮ್ ಬಂದಿದೆ. ಕಿಡ್ನಿ ಸರಿಹೋಯಿತು ಅಂತ ನಿಲ್ಲಿಸಿಬಿಡ್ತಾರಾ?

ಉತ್ತರ (ಡಿಸೆಬಿಲಿಟಿ ವಕೀಲರು): ಮೇಡಂ, ಕಿಡ್ನಿ ಚೆನ್ನಾಗಿದೆ ಅನ್ನೋ ಒಂದೇ ಕಾರಣಕ್ಕೆ ನಿಲ್ಲಿಸುವ ಹಾಗಿಲ್ಲ. ಆದರೆ ಈ ಫಾರ್ಮನ್ನು ಹಗುರವಾಗಿ ತಗೋಬೇಡಿ. ಕಿಡ್ನಿ ಕಸಿಯಾದ ದಿನದಿಂದ 1 ವರ್ಷ ಅಂಗವೈಕಲ್ಯ ಇದೆ ಅಂತಲೇ ಪರಿಗಣಿಸಬೇಕು ಎನ್ನುತ್ತದೆ ಇಲಾಖೆಯ ಕಾಯಿಲೆಗಳ ಪಟ್ಟಿಯಲ್ಲಿನ ಲಿಸ್ಟಿಂಗ್ 6.04. ಹೃದಯ ಮತ್ತು ಲಿವರ್‌ಗೂ 1 ವರ್ಷ, ಶ್ವಾಸಕೋಶಕ್ಕೆ 3 ವರ್ಷ. ಆ ಅವಧಿ ಮುಗಿದ ಮೇಲೆ ಉಳಿದಿರುವ ತೊಂದರೆ ಏನು ಅಂತ ನೋಡುತ್ತಾರೆ. ನಿಮ್ಮವರು ಈಗ ಆ ಹಂತದಲ್ಲಿದ್ದಾರೆ.

ರಿವ್ಯೂನಲ್ಲಿ ಮುಖ್ಯವಾಗಿ ಎರಡು ಪ್ರಶ್ನೆ. ಹಿಂದೆ ಮಂಜೂರು ಮಾಡಿದಾಗ ಇದ್ದ ಕಾಯಿಲೆ ಸುಧಾರಿಸಿದೆಯೇ? ಸುಧಾರಿಸಿದ್ದರೆ, ಈಗ ಇರುವ ಎಲ್ಲ ಕಾಯಿಲೆಗಳನ್ನೂ ಸೇರಿಸಿ ನೋಡಿದಾಗ ಈ ವ್ಯಕ್ತಿ ಕೆಲಸ ಮಾಡಬಲ್ಲನೇ? ಡಯಾಲಿಸಿಸ್ ನಿಂತು ಕಸಿ ಯಶಸ್ವಿಯಾದವರ ಕೇಸಿನಲ್ಲಿ ಮೊದಲನೆಯದಕ್ಕೆ ಬಹುತೇಕ ‘ಹೌದು’ ಎಂದೇ ಬರೆಯುತ್ತಾರೆ. ಅಲ್ಲಿ ವಾದಿಸಿ ಶ್ರಮ ಕಳೆಯಬೇಡಿ. ನಿಮ್ಮ ಬಲ ಇರುವುದು ಎರಡನೆಯದರಲ್ಲಿ, ಯಾಕೆಂದರೆ ಮಂಜೂರಾತಿಯ ನಂತರ ಹೊಸದಾಗಿ ಬಂದ ನಡುಕ, ಇನ್‌ಫೆಕ್ಷನ್, ಔಷಧಿಯ ಅಡ್ಡಪರಿಣಾಮ ಎಲ್ಲವೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ.

50 ವರ್ಷ ತುಂಬದವರಿಗೆ ಇನ್ನೊಂದು ತೊಡಕಿದೆ. ಕುಳಿತು ಮಾಡುವ ಕೆಲಸ ಸಾಧ್ಯ ಅಂತ ಕಂಡರೂ ಸಾಕು, ಸವಲತ್ತು ನಿಲ್ಲಬಹುದು. ಹಾಗಾಗಿ ‘ಹೆಚ್ಚು ನಡೆಯಲಾಗುವುದಿಲ್ಲ’ ಎಂದು ಮಾತ್ರ ಬರೆದರೆ ಕೇಸ್ ನಿಲ್ಲುವುದಿಲ್ಲ. ಕುಳಿತು ಮಾಡುವ ಹೆಚ್ಚಿನ ಕೆಲಸಗಳಿಗೆ ಎರಡೂ ಕೈ, ಬೆರಳುಗಳ ಹಿಡಿತ ಬೇಕು. ಆದ್ದರಿಂದ ಕೈ ನಡುಕ ನಿಮ್ಮವರ ಕೇಸಿನಲ್ಲಿ ನ್ಯೂರೋಪತಿಯಷ್ಟೇ, ನನ್ನ ಪ್ರಕಾರ ಅದಕ್ಕಿಂತ ಹೆಚ್ಚೇ, ಮುಖ್ಯ. ಜೊತೆಗೆ ಗೈರುಹಾಜರಿ: ಲ್ಯಾಬ್, ಕ್ಲಿನಿಕ್, ವಾಂತಿ, ಜ್ವರ ಎಲ್ಲ ಸೇರಿ ತಿಂಗಳಿಗೆ ಎರಡು ದಿನಕ್ಕಿಂತ ಹೆಚ್ಚು ತಪ್ಪುತ್ತದೆ ಎಂದಾದರೆ, ಅಂಥವರನ್ನು ಯಾವ ಮಾಲೀಕರೂ ಇಟ್ಟುಕೊಳ್ಳುವುದಿಲ್ಲ ಎಂದೇ ವಿಚಾರಣೆಗಳಲ್ಲಿ ಉದ್ಯೋಗ ತಜ್ಞರು ಸಾಮಾನ್ಯವಾಗಿ ಹೇಳುತ್ತಾರೆ.

ಪ್ರಶ್ನೆ: ಹಾಗಾದರೆ ಡಾಕ್ಟರ ಹತ್ತಿರ ‘ಇವರು ಕೆಲಸಕ್ಕೆ ಅಸಮರ್ಥರು’ ಅಂತ ಪತ್ರ ಬರೆಸಿದರೆ ಆಗುತ್ತಾ ಸರ್?

ಉತ್ತರ: ಆ ವಾಕ್ಯಕ್ಕೆ ಬೆಲೆ ಇಲ್ಲ ಮೇಡಂ. ಅದನ್ನು ತೀರ್ಮಾನಿಸುವುದು ಇಲಾಖೆಯ ಅಧಿಕಾರ. ಡಾಕ್ಟರು ಬರೆಯಬೇಕಾದ್ದು ಈ ಥರ: ‘ಎರಡೂ ಕೈಗಳಲ್ಲಿ ನಡುಕ, ಪರೀಕ್ಷೆಯಲ್ಲಿ ಕಂಡಿದೆ, 10 ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಟೈಪ್ ಮಾಡಲಾಗದು. ಊಟದ ನಂತರ ವಾಕರಿಕೆಯಿಂದ ವಾರಕ್ಕೆ ಮೂರ್ನಾಲ್ಕು ಸಲ ಮಲಗಬೇಕಾಗುತ್ತದೆ. ಗ್ಯಾಸ್ಟ್ರಿಕ್ ಎಂಪ್ಟಿಯಿಂಗ್ ಪರೀಕ್ಷೆಯ ಫಲಿತಾಂಶ ಲಗತ್ತಿಸಿದೆ.’ ಅಂಕಿಗಳು ಅವರ ನಿಜಸ್ಥಿತಿಯವೇ ಆಗಿರಬೇಕು. 2017ರ ಮಾರ್ಚ್ 27ರ ನಂತರ ಹಾಕಿದ ಅರ್ಜಿಗಳಲ್ಲಿ, ಚಿಕಿತ್ಸೆ ಕೊಡುವ ಡಾಕ್ಟರು ಹೇಳಿದರು ಎಂಬ ಮಾತ್ರಕ್ಕೆ ವಿಶೇಷ ತೂಕ ಸಿಗುವುದಿಲ್ಲ. ಹೇಳಿದ್ದಕ್ಕೆ ಪರೀಕ್ಷೆಯ ಆಧಾರ ಇದೆಯೇ, ಉಳಿದ ದಾಖಲೆಗಳ ಜೊತೆ ಹೊಂದುತ್ತದೆಯೇ ಅಂತ ನೋಡುತ್ತಾರೆ.

ಪ್ರತಿಕ್ರಿಯೆ (ಟ್ರಾನ್ಸ್‌ಪ್ಲಾಂಟ್ ನರ್ಸ್): ಒಂದು ಮಾತು ಸೇರಿಸ್ತೀನಿ ಅಕ್ಕ. ಕಸಿ ಕ್ಲಿನಿಕ್‌ನವರ ಗಮನ ಹೊಸ ಕಿಡ್ನಿಯ ಮೇಲಿರುತ್ತೆ. ಕ್ರಿಯಾಟಿನಿನ್ ಸ್ಥಿರವಾಗಿದ್ದರೆ ನೋಟ್ಸ್‌ನಲ್ಲಿ ‘ಆರಾಮಾಗಿದ್ದಾರೆ, ದೂರುಗಳಿಲ್ಲ’ ಅಂತ ಬಿದ್ದಿರುತ್ತೆ. ರಿವ್ಯೂ ಮಾಡೋರು ಓದೋದು ಅದನ್ನೇ. ಹೇಗಿದ್ದೀರಿ ಅಂದಾಗ ‘ಚೆನ್ನಾಗಿದ್ದೀನಿ’ ಅನ್ನೋ ನಮ್ಮವರ ಅಭ್ಯಾಸ ಇಲ್ಲಿ ಮುಳುವಾಗುತ್ತೆ. ಪ್ರತಿ ಭೇಟಿಯಲ್ಲೂ ನಡುಕ, ಭೇದಿ, ಸುಸ್ತು ಹೇಳಿ ದಾಖಲು ಮಾಡಿಸಿ. ನ್ಯೂರಾಲಜಿ, ಗ್ಯಾಸ್ಟ್ರೋ, ಎಂಡೋಕ್ರೈನ್ ಡಾಕ್ಟರ ಭೇಟಿ ಬಿಡಬೇಡಿ. ಕಿಡ್ನಿ ಬಿಟ್ಟು ಉಳಿದ ಕಥೆ ಇರೋದು ಅವರ ಫೈಲ್‌ನಲ್ಲಿ. ಮಾತ್ರೆ ತಪ್ಪಿಸಿದ್ದಾರೆ ಅಂತ ನೋಟ್ಸ್‌ನಲ್ಲಿದ್ದರೆ ಕಾರಣವನ್ನೂ ಬರೆಸಿ. ಸಕಾರಣವಿಲ್ಲದೆ ಚಿಕಿತ್ಸೆ ಪಾಲಿಸದಿರೋದೂ ಸವಲತ್ತು ನಿಲ್ಲಿಸಲು ಕಾರಣ ಆಗಬಹುದು.

ಉತ್ತರ: ಬಹಳ ಸರಿ. ಎಸ್‌ಎಸ್‌ಎ-454ರಲ್ಲಿ ಕಳೆದ 12 ತಿಂಗಳ ಎಲ್ಲ ಡಾಕ್ಟರು, ಆಸ್ಪತ್ರೆ, ಪರೀಕ್ಷೆ, ಮಾತ್ರೆ ಬರೆಯಬೇಕು. ಅಲ್ಲಿ ಹೆಸರಿಲ್ಲದ ಡಾಕ್ಟರ ದಾಖಲೆ ತರಿಸುವ ಸಾಧ್ಯತೆ ಕಡಿಮೆ. ಮನೆಗೆಲಸದ ಪ್ರಶ್ನೆಗೆ ‘ಅಡುಗೆ ಮಾಡುತ್ತೇನೆ’ ಎಂದು ನಿಲ್ಲಿಸಬೇಡಿ. ‘ಮೈಕ್ರೋವೇವ್‌ನಲ್ಲಿ ಬಿಸಿ ಮಾಡುತ್ತೇನೆ, ಚಾಕು ಹಿಡಿಯಲಾಗದ್ದರಿಂದ ತರಕಾರಿ ಹೆಂಡತಿ ಹೆಚ್ಚುತ್ತಾಳೆ’ ಎಂಬಷ್ಟು ವಿವರ ಬೇಕು. ಅವರೇ ಏರ್ಪಡಿಸುವ ವೈದ್ಯ ಪರೀಕ್ಷೆಗೆ ಕರೆದರೆ ಹೋಗಲೇಬೇಕು. ಫಾರ್ಮ್ ಕಳಿಸದಿದ್ದರೂ, ಪರೀಕ್ಷೆಗೆ ಹೋಗದಿದ್ದರೂ ಸಹಕರಿಸಲಿಲ್ಲ ಎಂದು ನಿಲ್ಲಿಸಬಹುದು. ಕಳಿಸುವ ಮುನ್ನ ಪ್ರತಿ ಪುಟದ ಕಾಪಿ ಇಟ್ಟುಕೊಳ್ಳಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಮ್ಮ ಅಣ್ಣನಿಗೆ ಲಿವರ್ ಕಸಿ. ನಿಲ್ಲಿಸುವ ಪತ್ರ ಮೊನ್ನೆ ಬಂತು. ಅಪೀಲ್‌ಗೆ 60 ದಿನ ಇದೆಯಲ್ಲ, ನಿಧಾನವಾಗಿ ಮಾಡಬಹುದಾ?

ಉತ್ತರ: ಬೇಡ, ಈ ವಾರವೇ ಮಾಡಿ. ಅಪೀಲ್‌ಗೆ 60 ದಿನ ನಿಜ, ಆದರೆ ಅಪೀಲ್ ನಡೆಯುವಾಗ ಹಣ ಬರುತ್ತಿರಬೇಕೆಂದರೆ ಪತ್ರ ಕೈಸೇರಿದ 10 ದಿನದೊಳಗೆ ಲಿಖಿತವಾಗಿ ಕೇಳಬೇಕು. ಪತ್ರದ ಮೇಲಿನ ತಾರೀಖಿನಿಂದ 5 ದಿನಕ್ಕೆ ಕೈಸೇರಿತು ಅಂತ ಲೆಕ್ಕ. ಬಹಳ ಜನ ಎಡವುವುದು ಇಲ್ಲೇ. ಅಪೀಲ್‌ಗೆ ಎಸ್‌ಎಸ್‌ಎ-789 ಫಾರ್ಮ್ ಹಾಕಿ, ಜೊತೆಗೆ ಸವಲತ್ತು ಮುಂದುವರಿಸಿ ಎಂಬ ಕೋರಿಕೆಯನ್ನೂ ಕೊಡಿ. ಕೊಟ್ಟಿದ್ದಕ್ಕೆ ರಸೀದಿ ಪಡೆಯಿರಿ. ಅಪೀಲ್ ಸೋತರೆ ಆ ಅವಧಿಯ ಹಣ ವಾಪಸ್ ಕೇಳುತ್ತಾರೆ. ಪ್ರಾಮಾಣಿಕವಾಗಿ ಅಪೀಲ್ ಮಾಡಿದ್ದರೆ ಎಸ್‌ಎಸ್‌ಎ-632ರಲ್ಲಿ ಮನ್ನಾ ಕೋರಬಹುದು. ಆ ಭಯ ಇದ್ದರೆ ಮೆಡಿಕೇರ್ (ಸರ್ಕಾರಿ ಆರೋಗ್ಯ ವಿಮೆ) ಮಾತ್ರ ಮುಂದುವರಿಸಿ ಅಂತಲೂ ಕೇಳಬಹುದು.

ಪ್ರಶ್ನೆ: ಸರ್, ನಮ್ಮವರು ಸ್ವಲ್ಪ ಪಾರ್ಟ್ ಟೈಮ್ ಪ್ರಯತ್ನಿಸಬಹುದಾ? ಮಾತ್ರೆಗಳ ಚಿಂತೆಯೂ ಇದೆ.

ಉತ್ತರ: ರಿವ್ಯೂ ಮುಗಿಯುವವರೆಗೆ ಹೊಸ ಕೆಲಸ ಹಿಡಿಯದಿರುವುದೇ ಲೇಸು. ಆಮೇಲೆ 9 ತಿಂಗಳ ಟ್ರಯಲ್ ವರ್ಕ್ ಅವಧಿ (ಸವಲತ್ತು ಉಳಿಸಿಕೊಂಡೇ ದುಡಿದು ನೋಡುವ ಕಾಲ) ಸಿಗುತ್ತದೆ. 2025ರಲ್ಲಿ ಗಳಿಕೆ 1,160 ಡಾಲರ್ ದಾಟಿದ ತಿಂಗಳು ಒಂದು ಎಂದು ಎಣಿಕೆ ಇತ್ತು. ಅದು ಮುಗಿದ ಮೇಲೆ ನೋಡುವ ಗಳಿಕೆಯ ಮಿತಿ 2025ರಲ್ಲಿ ತಿಂಗಳಿಗೆ 1,620 ಡಾಲರ್ ಇತ್ತು. ರಿಜೆಕ್ಷನ್ ತಡೆಯುವ ಮಾತ್ರೆಗಳಿಗೆ ಕೈಯಿಂದ ಕೊಟ್ಟ ಹಣವನ್ನು ಈ ಎರಡನೆಯ ಮಿತಿಯ ಲೆಕ್ಕದಲ್ಲಿ ಸಾಮಾನ್ಯವಾಗಿ ಗಳಿಕೆಯಿಂದ ಕಳೆಯಬಹುದು, ಬಿಲ್‌ಗಳನ್ನು ಇಟ್ಟುಕೊಳ್ಳಿ. ಎಷ್ಟೇ ಚಿಕ್ಕ ಸಂಬಳವಾದರೂ ತಿಳಿಸಲೇಬೇಕು.

ಮಾತ್ರೆ ವಿಷಯ: ಕಿಡ್ನಿ ಕಾಯಿಲೆಯ ಆಧಾರದ ಮೆಡಿಕೇರ್ ಕಸಿಯಾದ 36 ತಿಂಗಳಿಗೆ ಮುಗಿಯುತ್ತದೆ. ಅಂಗವೈಕಲ್ಯದ ಆಧಾರದ್ದು ಎಸ್‌ಎಸ್‌ಡಿಐ ಇರುವವರೆಗೆ ಇರುತ್ತದೆ. ಎರಡೂ ಹೋಗಿ ಬೇರೆ ಇನ್ಶೂರೆನ್ಸ್ ಇಲ್ಲದ ಕಿಡ್ನಿ ಕಸಿಯವರಿಗಾಗಿ 2023ರ ಜನವರಿಯಿಂದ ಮೆಡಿಕೇರ್‌ನ ಪಾರ್ಟ್ ಬಿ-ಐಡಿ ಎಂಬ ಸೌಲಭ್ಯ ಇದೆ. ಅದು ರಿಜೆಕ್ಷನ್ ತಡೆಯುವ ಔಷಧಿಗೆ ಮಾತ್ರ. ಡಾಕ್ಟರ ಫೀಸ್, ಇನ್ಸುಲಿನ್ ಅದರಲ್ಲಿ ಬರುವುದಿಲ್ಲ.